ಪದ ಪರಿಚಯ: ಹಳೆಯ ಕಾರಿನ ಬಿಸಿ ಭಾಗಗಳಿಗೆ ‘ಸೆರಾಮಿಕ್ ಕೋಟಿಂಗ್’

ಕಾರಿನ ವಿಚಾರದಲ್ಲಿ ‘ಸೆರಾಮಿಕ್ ಕೋಟಿಂಗ್’ ಎಂಬ ಮಾತು ಇಂದು ಎರಡು ಬೇರೆ ಬೇರೆ ವಸ್ತುಗಳಿಗೆ ಬಳಕೆಯಾಗುತ್ತಿದೆ. ಹೊರಮೈಯ ಬಣ್ಣದ ಮೇಲೆ ಬಟ್ಟೆಯಲ್ಲಿ ಸವರಿ, ಹೊಳಪು ಉಳಿಸಿ, ನೀರು ಜಾರಿ ಹೋಗುವಂತೆ ಮಾಡುವ ದ್ರವಕ್ಕೂ ಇದೇ ಹೆಸರು. ಎಂಜಿನ್‌ನ ಹೊಗೆ ಸಾಗಿಸುವ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಕವಲು ಕೊಳವೆ), ಕೊಳವೆ, ಸೈಲೆನ್ಸರ್ ಮತ್ತು ಆ ಶಾಖದಿಂದಲೇ ನಡೆಯುವ ಹೀಟರ್‌ನ ಕವಚಗಳ ಮೇಲೆ ಸಿಂಪಡಿಸಿ, ಓವನ್‌ನಲ್ಲಿ ಬೇಯಿಸಿ ಕೂರಿಸುವ ಲೇಪಕ್ಕೂ ಇದೇ ಹೆಸರು. ಮೊದಲನೆಯದು ಎರಡನೆಯದರ ಜಾಗದಲ್ಲಿ ನಿಲ್ಲುವಂಥದ್ದಲ್ಲ. ಈ ಟಿಪ್ಪಣಿ ಎರಡನೆಯದನ್ನು ಕುರಿತದ್ದು. ಹಳೆಯ ಕಾರನ್ನು ಮತ್ತೆ ರಸ್ತೆಗಿಳಿಸುವವರು ಹೊರಮೈಗೆ ಕೊಡುವ ಗಮನದಲ್ಲಿ ಕಾಲುಭಾಗವನ್ನೂ ಈ ಭಾಗಗಳಿಗೆ ಕೊಡುವುದಿಲ್ಲ ಎಂಬುದು ನನ್ನ ಬಹುಕಾಲದ ಕೊರಗು. ಕಾರಿನೊಳಗೆ ಕುಳಿತವರ ಉಸಿರಿಗೆ ನೇರವಾಗಿ ಸಂಬಂಧಿಸಿದ ಭಾಗಗಳು ಇವೇ ಆಗಿವೆ.

‘ಸೆರಾಮಿಕ್’ ಪದದ ಮೂಲ ಗ್ರೀಕ್ ಭಾಷೆಯ ‘ಕೆರಾಮೊಸ್’, ಅಂದರೆ ಕುಂಬಾರನ ಮಣ್ಣು. ಬೆಂಕಿಯಲ್ಲಿ ಬೆಂದು ತನ್ನ ಸ್ವಭಾವವನ್ನೇ ಬದಲಿಸಿಕೊಂಡ, ಮತ್ತೆ ನೀರಿನಲ್ಲಿ ಕರಗದ ಪದಾರ್ಥ ಎಂಬುದು ಅದರ ಅರ್ಥದ ತಿರುಳು. ಕೋಟಿಂಗ್ ಎಂಬುದಕ್ಕೆ ‘ಲೇಪ’ ಅಥವಾ ‘ಲೇಪನ’ ಸರಿಹೊಂದುತ್ತದೆ. ‘ಬಣ್ಣ’ ಎಂದರೆ ಅರ್ಥ ತಪ್ಪುತ್ತದೆ, ಏಕೆಂದರೆ ಇಲ್ಲಿ ಬಣ್ಣವು ಉಪಫಲ ಮಾತ್ರ. ‘ಕಲಾಯಿ’ ಎಂದರೂ ಸರಿಯಾಗದು. ಕಲಾಯಿಯು ಒಂದು ಲೋಹದ ಮೇಲೆ ಇನ್ನೊಂದನ್ನು ಕರಗಿಸಿ ಹತ್ತಿಸುವ ಕೆಲಸ, ಮತ್ತು ಅದಕ್ಕೆ ಬಳಸುವ ತವರವು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸತುವಿನ ಲೇಪವೂ ನಿರಂತರವಾಗಿ 200 ಡಿಗ್ರಿ ದಾಟುವ ಜಾಗದಲ್ಲಿ ಬಹುಕಾಲ ಬಾಳುವುದಿಲ್ಲ.

ಈ ಅಂಕಿಗಳನ್ನು ಮೊದಲೇ ಹೇಳಲು ಕಾರಣವಿದೆ. ಯಾವ ಲೇಪ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಡಬ್ಬಿಯ ಮೇಲಿನ ಹೆಸರಲ್ಲ, ಆ ಭಾಗ ಎಷ್ಟು ಕಾಯುತ್ತದೆ ಎಂಬ ಲೆಕ್ಕ. ಎಂಜಿನ್ ಜೋರಾಗಿ ದುಡಿಯುವಾಗ ಸಿಲಿಂಡರಿನಿಂದ ಹೊರಬೀಳುವ ಹೊಗೆಯ ತಾಪ 700ರಿಂದ 900 ಡಿಗ್ರಿಯವರೆಗೂ ಹೋಗಬಲ್ಲದು. ಮ್ಯಾನಿಫೋಲ್ಡ್‌ನ ಮೈ ಅದಕ್ಕಿಂತ ಕಡಿಮೆ ಕಾಯುತ್ತದೆ, ಆದರೂ ಮಾಮೂಲಿ ಬಣ್ಣವನ್ನು ಸುಡಲು ಆ ತಾಪ ಬೇಕಾದಷ್ಟಾಯಿತು. ಅಲ್ಲಿಂದ ಹಿಂದೆ ಹೋದಂತೆ ಕೊಳವೆ ತಣಿಯುತ್ತಾ, ಸೈಲೆನ್ಸರಿನ ಹೊತ್ತಿಗೆ ತಾಪ ಬಹಳ ಇಳಿದಿರುತ್ತದೆ. ಪೌಡರ್ ಕೋಟಿಂಗ್ 200 ಡಿಗ್ರಿಯ ಆಸುಪಾಸಿನಲ್ಲಿ ಬೇಯುವ ಪ್ಲಾಸ್ಟಿಕ್ ಜಾತಿಯ ಪದರ. ಅದು ಬೇಯುವ ತಾಪಕ್ಕೂ ಕೆಡುವ ತಾಪಕ್ಕೂ ಅಂತರ ಹೆಚ್ಚಿಲ್ಲ. ಆದ್ದರಿಂದ ಮ್ಯಾನಿಫೋಲ್ಡ್‌ಗೆ ಪೌಡರ್ ಕೋಟಿಂಗ್ ಮಾಡಿಸಿದರೆ ಅದು ಹಕ್ಕಳೆ ಎದ್ದು ಉದುರುವುದು ಖಚಿತ.

ಸೆರಾಮಿಕ್ ಎಂಬ ಹೆಸರಿನ ಕೆಳಗೆ ಮೂರು ಬಗೆಯ ಲೇಪಗಳು ಬರುತ್ತವೆ. ಹಳೆಯದು ಗಾಜಿನ ಎನಾಮಲ್. ಪುಡಿ ಮಾಡಿದ ಗಾಜನ್ನು ಎರಕದ ಕಬ್ಬಿಣದ ಮೇಲೆ ಹಚ್ಚಿ, ಸುಮಾರು 800 ಡಿಗ್ರಿಯ ಭಟ್ಟಿಯಲ್ಲಿ ಕರಗಿಸಿ ಮೈಗಂಟಿಸುವ ಕ್ರಮ ಇದು. 1948ರಲ್ಲಿ ಬೆಳಕಿಗೆ ಬಂದ ಜಾಗ್ವಾರ್ ಎಕ್ಸ್‌ಕೆ 120 ಮತ್ತು 1961ರ ಇ-ಟೈಪ್ ಕಾರುಗಳ ಮ್ಯಾನಿಫೋಲ್ಡ್‌ಗಳಿಗೆ ಕಾರ್ಖಾನೆಯಲ್ಲೇ ಇಂಥ ಕಪ್ಪು ಎನಾಮಲ್ ಕೊಡುತ್ತಿದ್ದರು. ಬಾನೆಟ್ ಎತ್ತಿದಾಗ ಅದರ ಗಾಜಿನ ಮಿನುಗು ಕಾಣುವ ಬಗೆಯೇ ಬೇರೆ, ಬೇರಾವ ಲೇಪವೂ ಅದಕ್ಕೆ ಸಾಟಿಯಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಅದು ಗಾಜೇ ಆದ್ದರಿಂದ ಪೆಟ್ಟು ತಿಂದರೆ ಚಕ್ಕೆ ಹಾರುತ್ತದೆ, ಕಾದ ಮೈಗೆ ತಣ್ಣೀರು ಸಿಡಿದರೆ ಬಿರುಕು ಬಿಡುತ್ತದೆ. ಎರಡನೆಯದು ಜಿರ್ಕೋನಿಯಾದಂತಹ ಪುಡಿಯನ್ನು ಪ್ಲಾಸ್ಮಾ ಜ್ವಾಲೆಯಲ್ಲಿ ಕರಗಿಸಿ ಚಿಮ್ಮಿಸುವ ಕ್ರಮ. ಜೆಟ್ ಎಂಜಿನ್‌ಗಳ ಟರ್ಬೈನ್ ಅಲಗುಗಳಿಗೆ ಈ ಜಾತಿಯ ಶಾಖತಡೆ ಪದರಗಳನ್ನು ಕೊಡುತ್ತಾರೆ, ಹಳೆಯ ಕಾರಿನವರಿಗೆ ಅದು ಅಪರೂಪ. ಮೂರನೆಯದು ಸ್ಪ್ರೇ ಗನ್ನಿನಿಂದ ಸಿಂಪಡಿಸಿ ಓವನ್‌ನಲ್ಲಿ ಬೇಯಿಸುವ ಲೇಪ. ಇಂದು ವರ್ಕ್‌ಶಾಪಿನಲ್ಲಿ ಸೆರಾಮಿಕ್ ಕೋಟಿಂಗ್ ಎಂದಾಗ ಸಾಮಾನ್ಯವಾಗಿ ಇದನ್ನೇ ಉದ್ದೇಶಿಸಿರುತ್ತಾರೆ.

ಈ ಮೂರನೆಯ ಜಾತಿಗೆ ಬಹು ಹತ್ತಿರದ ನೆಂಟ ಡಬ್ಬಿಯಲ್ಲಿ ಸಿಗುವ ಶಾಖನಿರೋಧಕ ಸಿಲಿಕೋನ್ ಪೇಂಟ್. ಅದು ಕೆಲಸ ಮಾಡುವ ರೀತಿಯನ್ನು ಅರಿತರೆ ಉಳಿದದ್ದು ಸುಲಭವಾಗುತ್ತದೆ. ಮಾಮೂಲಿ ಬಣ್ಣದ ಅಂಟು ಇಂಗಾಲದ ಸರಪಳಿಗಳಿಂದಾದದ್ದು. ಶಾಖ ಏರಿದಾಗ ಆ ಸರಪಳಿ ಕಡಿದು, ಅಂಟು ಸುಟ್ಟು, ಬಣ್ಣದ ಪುಡಿ ಮಾತ್ರ ಉಳಿದು ಉದುರುತ್ತದೆ. ಸಿಲಿಕೋನ್ ಅಂಟಿನ ಬೆನ್ನೆಲುಬು ಸಿಲಿಕಾನ್ ಮತ್ತು ಆಮ್ಲಜನಕದ ಕೊಂಡಿಗಳಿಂದಾಗಿದೆ. ಕಾದಾಗ ಅದರಲ್ಲಿರುವ ಇಂಗಾಲದ ಭಾಗ ಸುಟ್ಟು ಹೋದರೂ ಸಿಲಿಕಾನ್ ಮತ್ತು ಆಮ್ಲಜನಕದ ಜಾಲ ಉಳಿದುಕೊಂಡು, ಮರಳಿನ ಮೂಲವಸ್ತುವಾದ ಸಿಲಿಕಾಕ್ಕೆ ಹತ್ತಿರವಾದ ಗಡಸು ಹೊದಿಕೆಯಾಗುತ್ತದೆ. ಅದರೊಳಗೆ ಬೆರೆಸಿದ ಅಲ್ಯೂಮಿನಿಯಂ ಹಾಳೆಯ ಚೂರುಗಳು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಮಲಗಿ ನೀರಿನ ದಾರಿಯನ್ನು ತಡೆಯುತ್ತವೆ. ಬೇಯದ ಹೊರತು ಈ ಲೇಪ ಪೂರ್ಣವಾಗುವುದಿಲ್ಲ. ಸಿಂಪಡಿಸಿ ಒಣಗಿಸಿ ಬಿಟ್ಟದ್ದು ಕೈಗೆ ಗಟ್ಟಿಯೆನಿಸಿದರೂ ಪೆಟ್ರೋಲ್ ತಾಗಿದರೆ ಕರಗಿ ಬರುತ್ತದೆ.

ಪದರ ದಪ್ಪವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ತಿರುಗುಬಾಣವಾಗುತ್ತದೆ. ಒಂದು ಮೀಟರ್ ಉದ್ದದ ಉಕ್ಕಿನ ಕೊಳವೆ 600 ಡಿಗ್ರಿಯಷ್ಟು ಕಾವೇರಿದರೆ ಏಳೆಂಟು ಮಿಲಿಮೀಟರ್ ಬೆಳೆಯುತ್ತದೆ, ತಣಿದಾಗ ಅಷ್ಟೇ ಕುಗ್ಗುತ್ತದೆ. ಮೇಲಿನ ಪದರವೂ ಪ್ರತಿ ಸಲ ಅದರೊಂದಿಗೆ ಹಿಗ್ಗಿ ಕುಗ್ಗಬೇಕು. ತೆಳುವಾದದ್ದು ಈ ಎಳೆದಾಟವನ್ನು ತಾಳಿಕೊಳ್ಳುತ್ತದೆ, ದಪ್ಪನೆಯದು ಸೀಳುತ್ತದೆ. ಒಳಗೆ ಸಿಕ್ಕಿಬಿದ್ದ ಥಿನ್ನರ್ ಆವಿಯಾಗಿ ಗುಳ್ಳೆ ಎಬ್ಬಿಸುವುದೂ ದಪ್ಪ ಪದರದಲ್ಲೇ. ಸಿಂಪಡಿಸುವ ಸೆರಾಮಿಕ್ ಲೇಪದ ದಪ್ಪ ಸಾಮಾನ್ಯವಾಗಿ 25ರಿಂದ 50 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲನ್ನೂ ಮೀರುವುದಿಲ್ಲ. ಇದೇ ಕಾರಣಕ್ಕೆ ಸಾಮಾನ್ಯ ಪ್ರೈಮರ್ ಮತ್ತು ಪುಟ್ಟಿಗಳಿಗೂ ಇಲ್ಲಿ ಸ್ಥಾನವಿಲ್ಲ. ತುಕ್ಕಿನ ಗುಳಿಯನ್ನು ಪುಟ್ಟಿಯಿಂದ ಮುಚ್ಚಿ ಮೇಲೆ ಸೆರಾಮಿಕ್ ಕೊಟ್ಟರೆ ಮೊದಲು ಸುಡುವುದು ಪುಟ್ಟಿ, ಅದರ ಹಿಂದೆಯೇ ಲೇಪ.

ಇಷ್ಟು ತೆಳುವಾದ ಪದರಕ್ಕೆ ಆಧಾರ ಕೆಳಗಿನ ಲೋಹದ ಮೈ ಒಂದೇ. ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಗಾರ್ನೆಟ್ ಕಣಗಳಿಂದ ಬ್ಲಾಸ್ಟಿಂಗ್ ಮಾಡಿದಾಗ, ಎಂದರೆ ಗಾಳಿಯ ಒತ್ತಡದಿಂದ ಆ ಕಣಗಳನ್ನು ಚಿಮ್ಮಿಸಿ ಬಡಿದಾಗ, ಲೋಹವು ತುಕ್ಕು ಕಳೆದುಕೊಳ್ಳುವುದರ ಜೊತೆಗೆ ಸಣ್ಣ ಸಣ್ಣ ಹಲ್ಲುಗಳಂತಹ ಒರಟುತನವನ್ನೂ ಪಡೆಯುತ್ತದೆ, ಲೇಪ ಕಚ್ಚಿ ಹಿಡಿಯುವುದು ಆ ಹಲ್ಲುಗಳನ್ನೇ. ಗಾಜಿನ ಮಣಿಗಳಿಂದ ಬಡಿದರೆ ಮೈ ನುಣುಪಾಗಿ ಚೆಲುವಾಗಿ ಕಾಣುತ್ತದೆ, ಆದರೆ ಹಿಡಿತ ಕಡಿಮೆ. ಸಾಮಾನ್ಯ ಮರಳನ್ನಂತೂ ಬಳಸಲೇಬಾರದು. ಅದರ ಧೂಳು ಶ್ವಾಸಕೋಶಕ್ಕೆ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರುತ್ತದೆ. ಎರಕದ ಕಬ್ಬಿಣವು ದಶಕಗಳ ಎಣ್ಣೆಯನ್ನು ತನ್ನ ರಂಧ್ರಗಳಲ್ಲಿ ಹೀರಿಟ್ಟುಕೊಂಡಿರುತ್ತದೆ. ಅದನ್ನು ಒಮ್ಮೆ ಓವನ್‌ನಲ್ಲಿ ಕಾಯಿಸಿ ಎಣ್ಣೆ ಹೊಗೆಯಾಡಿ ಹೋದ ಮೇಲೆ ಮತ್ತೆ ಬ್ಲಾಸ್ಟಿಂಗ್ ಮಾಡಬೇಕು. ಬ್ಲಾಸ್ಟಿಂಗ್ ಆದ ಬೆತ್ತಲೆ ಉಕ್ಕು ತೇವದ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಕೆಂಪಗಾಗತೊಡಗುವುದರಿಂದ ಲೇಪನವನ್ನು ಅಂದೇ ಮುಗಿಸುವುದು ಲೇಸು.

ಬರಿಗೈಯಲ್ಲಿ ಮುಟ್ಟಬಾರದು ಎಂಬ ನಿಯಮವನ್ನು ನಾನು ಕಲಿತದ್ದು ಒಂದು ಮ್ಯಾನಿಫೋಲ್ಡ್‌ನಿಂದ. ಬ್ಲಾಸ್ಟಿಂಗ್ ಮುಗಿದು ಬೂದಿಯ ಬಣ್ಣಕ್ಕೆ ಬಂದಿದ್ದ ಅದನ್ನು ಮಗ್ಗುಲು ಬದಲಿಸಲೆಂದು ಒಂದೇ ಒಂದು ಸಲ ಗ್ಲೌಸ್ ಇಲ್ಲದೆ ಹಿಡಿದೆ. ಲೇಪ ಸಮನಾಗಿ ಕೂತಿತು, ಓವನ್‌ನಿಂದಲೂ ಚೊಕ್ಕವಾಗಿ ಹೊರಬಂತು. ಕಾರಿಗೆ ಜೋಡಿಸಿ ಎರಡು ವಾರ ಓಡಿಸಿದ ಮೇಲೆ ಫ್ಲಾಂಜಿನ (ಬೋಲ್ಟ್ ಹಾಕಿ ಜೋಡಿಸುವ ಅಂಚಿನ) ಪಕ್ಕದಲ್ಲಿ ಸಾಲಾಗಿ ನಾಲ್ಕು ಅಂಡಾಕಾರದ ಗುಳ್ಳೆಗಳು ಎದ್ದಿದ್ದವು. ಕೆಳಗಿನಿಂದ ಕನ್ನಡಿ ಹಿಡಿದು ನೋಡಿದಾಗ ಇನ್ನೊಂದು ಮಗ್ಗುಲಲ್ಲಿ ಐದನೆಯದು, ತುಸು ಅಗಲವಾದದ್ದು, ಕಂಡಿತು. ನಾಲ್ಕು ಬೆರಳು ಮತ್ತು ಒಂದು ಹೆಬ್ಬೆರಳು. ಚರ್ಮದ ಎಣ್ಣೆ ಮತ್ತು ಬೆವರಿನ ಉಪ್ಪು ಲೇಪದ ಕೆಳಗೆ ಉಳಿದು, ತುಕ್ಕಿಗೆ ನನ್ನ ಕೈಯ ಅಚ್ಚನ್ನೇ ಒದಗಿಸಿದ್ದವು. ಇಡೀ ಕೆಲಸವನ್ನು ಮೊದಲಿನಿಂದ ಮಾಡಬೇಕಾಯಿತು.

ತುಕ್ಕು ಹೊರಗಿನಿಂದ ಮಾತ್ರ ಬರುತ್ತದೆ ಎಂದು ತಿಳಿಯಬಾರದು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಪ್ರಯಾಣದಲ್ಲಿ ಅದು ಆವಿಯಾಗಿ ಹೊರಗೆ ಹೋಗುತ್ತದೆ. ಐದು ನಿಮಿಷ ಓಡಿಸಿ ನಿಲ್ಲಿಸಿದರೆ ಸೈಲೆನ್ಸರಿನ ತಳದಲ್ಲಿ ಆಮ್ಲ ಬೆರೆತ ನೀರಾಗಿ ನಿಲ್ಲುತ್ತದೆ. ವಿರಳವಾಗಿ ಓಡುವ ಹಳೆಯ ಕಾರುಗಳ ಸೈಲೆನ್ಸರ್ ಹೊರಗೆ ಹೊಸದರಂತೆ ಕಂಡರೂ ಒಳಗಿನಿಂದ ತೂತು ಬೀಳುವುದು ಹೀಗೆ. ಸ್ಪ್ರೇ ಗನ್ ತಲುಪದ ಆ ಒಳಭಾಗಕ್ಕೆ ಹೊರಗಿನ ಲೇಪದಿಂದ ಏನೂ ಪ್ರಯೋಜನವಿಲ್ಲ.

ಹೀಟರ್ ವಿಷಯಕ್ಕೆ ಬಂದರೆ, ಮೊದಲು ಅದು ಯಾವ ಜಾತಿಯದು ಎಂದು ನೋಡಬೇಕು. ನೀರಿನಿಂದ ತಣಿಯುವ ಎಂಜಿನ್‌ನ ಕಾರಿನಲ್ಲಿ ಹೀಟರ್ ಎಂದರೆ ಬಿಸಿನೀರು ಹರಿಯುವ ಒಂದು ಪುಟ್ಟ ರೇಡಿಯೇಟರ್. ಅದರ ತಗಡಿನ ಪೆಟ್ಟಿಗೆ ನೂರು ಡಿಗ್ರಿಯನ್ನೂ ಮುಟ್ಟುವುದು ವಿರಳವಾದ್ದರಿಂದ ಅದಕ್ಕೆ ಪೌಡರ್ ಕೋಟಿಂಗ್ ಅಥವಾ ಒಳ್ಳೆಯ ಎನಾಮಲ್ ಪೇಂಟ್ ಸಾಕು, ಸೆರಾಮಿಕ್ ಅನಗತ್ಯ. ಒಳಗಿನ ತಾಮ್ರ ಮತ್ತು ಹಿತ್ತಾಳೆಯ ಕೋರನ್ನು ಮಾತ್ರ ಓವನ್‌ನಲ್ಲಿಡಬಾರದು. ಸಾಮಾನ್ಯ ತವರ ಮತ್ತು ಸೀಸದ ಬೆಸುಗೆ 183 ಡಿಗ್ರಿಯಲ್ಲೇ ಕರಗಲು ತೊಡಗುತ್ತದೆ. ಹಳೆಯ ಪೆಟ್ಟಿಗೆಗಳ ಸೀಲುಗಳಲ್ಲೂ ಎಕ್ಸಾಸ್ಟ್‌ನ ಗ್ಯಾಸ್ಕೆಟ್‌ಗಳಲ್ಲೂ ಉಸಿರಿಗೆ ಅಪಾಯಕಾರಿಯಾದ ಆಸ್ಬೆಸ್ಟಾಸ್ ನಾರು ಇರುವ ಸಾಧ್ಯತೆಯುಂಟು, ಅವುಗಳನ್ನು ಒಣಗಿದ್ದಾಗ ಕೆರೆಯಬಾರದು.

ಗಾಳಿಯಿಂದ ತಣಿಯುವ ಎಂಜಿನ್‌ನ ಹಲವು ಕಾರುಗಳಲ್ಲಿ ಹೀಟರ್ ಮತ್ತು ಎಕ್ಸಾಸ್ಟ್ ಬೇರೆ ಬೇರೆ ಭಾಗಗಳೇ ಅಲ್ಲ. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ, 1963ರ ಮಾದರಿಯಿಂದ ಮುಂದಕ್ಕೆ, ಸಿಲಿಂಡರಿನಿಂದ ಹೊರಟ ಹೊಗೆಯ ಕೊಳವೆಯ ಸುತ್ತ ಲೋಹದ ರೆಕ್ಕೆಗಳಿರುತ್ತವೆ, ಅದರ ಮೇಲೆ ಉಕ್ಕಿನ ತಗಡಿನ ಕವಚ. ಎಂಜಿನ್‌ನ ಫ್ಯಾನು ತಳ್ಳಿದ ಗಾಳಿ ಆ ಕವಚದೊಳಗೆ ಹೊಕ್ಕು, ಕಾದ ಕೊಳವೆಯನ್ನು ಸವರಿಕೊಂಡು, ಬಾಗಿಲ ಕೆಳಗಿನ ಕಾಲುವೆಗಳ ಮೂಲಕ ಕಾರಿನೊಳಗೆ ಬರುತ್ತದೆ. ಇದಕ್ಕೆ ಹೀಟ್ ಎಕ್ಸ್‌ಚೇಂಜರ್ ಎಂದು ಹೆಸರು. 1998ರವರೆಗೆ ಬಂದ ಗಾಳಿ ತಂಪಿನ ಪೋರ್ಷೆ 911 ಕಾರುಗಳಲ್ಲೂ ಇದೇ ತತ್ವವಿದೆ. ನಾವು ಉಸಿರಾಡುವ ಗಾಳಿಗೂ ಎಂಜಿನ್‌ನ ಹೊಗೆಗೂ ನಡುವೆ ಇರುವುದು ಒಂದು ಕೊಳವೆಯ ಗೋಡೆ ಮಾತ್ರ. ಅಲ್ಲಿ ಸೂಜಿಮೊನೆಯಷ್ಟು ತೂತಾದರೂ ಕಾರ್ಬನ್ ಮಾನಾಕ್ಸೈಡ್ ಒಳಬರುವ ದಾರಿ ತೆರೆಯುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ.

ಆದ್ದರಿಂದ ಸೆರಾಮಿಕ್ ಕೋಟಿಂಗ್ ಎಂಬ ಪದದ ಅರ್ಥದಲ್ಲಿ ‘ತೂತು ಮುಚ್ಚುವುದು’ ಎಂಬುದು ಎಂದಿಗೂ ಸೇರುವುದಿಲ್ಲ. ಲೇಪಕ್ಕೆ ಮುಂಚೆ ಹೀಟ್ ಎಕ್ಸ್‌ಚೇಂಜರಿನ ಹೊಗೆಯ ಕೊಳವೆಯ ಒಂದು ಬಾಯಿಗೆ ಬಿಗಿಯಾಗಿ ಬಿರಡೆ ಹಾಕಿ, ಇನ್ನೊಂದು ಬಾಯಿಯಿಂದ ಕಡಿಮೆ ಒತ್ತಡದ ಗಾಳಿ ಕೊಟ್ಟು, ಇಡೀ ಭಾಗವನ್ನು ನೀರಿನಲ್ಲಿ ಮುಳುಗಿಸಿ ನೋಡಬೇಕು. ಒಳಗೆ ಸಿಕ್ಕಿದ್ದ ಗಾಳಿಯ ಗುಳ್ಳೆಗಳು ಮೊದಲು ಬಂದು ನಿಲ್ಲುತ್ತವೆ. ನಿಲ್ಲದೆ ಒಂದೇ ಕಡೆಯಿಂದ ಎಳೆಯಾಗಿ ಏಳುವ ಗುಳ್ಳೆ ಸೋರಿಕೆಯ ಗುರುತು. ಆ ಗುರುತು ಕಂಡ ಭಾಗಕ್ಕೆ ವೆಲ್ಡಿಂಗ್ ಆಗಬೇಕು, ಇಲ್ಲವೇ ಅದನ್ನು ಬಿಟ್ಟುಬಿಡಬೇಕು. ಬ್ಲಾಸ್ಟಿಂಗ್ ಮಾಡುವಾಗ ಎಲ್ಲ ಬಾಯಿಗಳನ್ನೂ ಮುಚ್ಚಿರಬೇಕು, ಇಲ್ಲದಿದ್ದರೆ ರೆಕ್ಕೆಗಳ ನಡುವೆ ಉಳಿದ ಕಣಗಳು ಮುಂದೆ ಹೀಟರ್ ಗಾಳಿಯೊಂದಿಗೆ ಮುಖಕ್ಕೇ ಬರುತ್ತವೆ. ಲೇಪವನ್ನು ಹೊರಕವಚಕ್ಕೆ ಕೊಟ್ಟರೆ ಸಾಕು. ಒಳಗಿನ ಕೊಳವೆಗೆ ಶಾಖ ತಡೆಯುವ ಪದರ ಕೊಡುವುದು ಹೀಟರ್‌ನ ಉದ್ದೇಶಕ್ಕೇ ವಿರುದ್ಧ. ಹೊರಕವಚಕ್ಕೆ ಕಪ್ಪಿಗಿಂತ ಬೆಳ್ಳಿಯ ಹೊಳಪಿನ ಅಲ್ಯೂಮಿನಿಯಂ ಬಗೆಯನ್ನೇ ನಾನು ಆರಿಸುತ್ತೇನೆ, ಏಕೆಂದರೆ ಹೊಳೆಯುವ ಮೈ ಶಾಖವನ್ನು ಕಡಿಮೆ ಸೂಸುತ್ತದೆ, ಉಳಿದ ಶಾಖ ಒಳಗಿನ ಗಾಳಿಗೆ ಸಿಗುತ್ತದೆ.

ಓವನ್ ಇಲ್ಲದವರು ಸಿಲಿಕೋನ್ ಪೇಂಟನ್ನು ಎಂಜಿನ್‌ನ ಶಾಖದಲ್ಲೇ ಹದಗೊಳಿಸುವುದುಂಟು. ಹತ್ತು ನಿಮಿಷ ನಿಧಾನ ಗತಿಯಲ್ಲಿ ಓಡಿಸಿ ಪೂರ್ತಿ ತಣಿಸುವುದು, ಆಮೇಲೆ ಇಪ್ಪತ್ತು ನಿಮಿಷ, ಮತ್ತೆ ತಣಿಸುವುದು, ಕೊನೆಗೆ ರಸ್ತೆಯಲ್ಲಿ ಓಡಿಸುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ; ಡಬ್ಬಿಯ ಮೇಲೆ ಬೇರೆ ಕ್ರಮ ಬರೆದಿದ್ದರೆ ಅದೇ ಅಂತಿಮ. ಈ ಹೊತ್ತಿನಲ್ಲಿ ಲೇಪದಿಂದ ಏಳುವ ಹೊಗೆ ಸಹಜವಾದರೂ ಉಸಿರಿಗೆ ಒಳ್ಳೆಯದಲ್ಲ. ಬಯಲಿನಲ್ಲಿ, ಹೀಟರ್‌ನ ಫ್ಲಾಪ್ (ಬಿಸಿ ಗಾಳಿಯನ್ನು ಒಳಬಿಡುವ ಮುಚ್ಚಳ) ಮುಚ್ಚಿ, ಕಿಟಕಿಗಳನ್ನು ಇಳಿಸಿ ಈ ಕೆಲಸ ಮಾಡಬೇಕು. ಹೊಗೆ ಪೂರ್ತಿ ನಿಂತ ಮೇಲೆ ಫ್ಲಾಪ್ ತೆರೆದು, ಕಾರ್ಬನ್ ಮಾನಾಕ್ಸೈಡ್ ಮಾಪಕವನ್ನು ಬಿಸಿ ಗಾಳಿ ಬರುವ ಬಾಯಿಯ ಮುಂದೆ ಹಿಡಿಯಬೇಕು. ಎಂಜಿನ್ ವೇಗ ಏರಿಸಿದಾಗಲೂ ಅದರ ಮುಳ್ಳು ಅಥವಾ ಅಂಕಿ ಸೊನ್ನೆಯಲ್ಲೇ ನಿಂತಿದ್ದರೆ ಕಿಟಕಿ ಏರಿಸಬಹುದು.