ಡಬ್ಬ ಹೊಸದು, ಡೈ ಹಳೇದು

ಮೊನ್ನೆ ಭಾನುವಾರ ಪಕ್ಕದ ಬೀದಿಯ ಹುಡುಗನೊಬ್ಬ ಒಂದು ಡಬ್ಬ ತಂದು ನನ್ನ ಮುಂದಿಟ್ಟ. ಎಎಂಟಿ ಕಂಪನಿಯ 1940ರ ಫೋರ್ಡ್ ಕೂಪೆ, ಬಿಡಿ ಭಾಗ ಜೋಡಿಸಿ ಮಾಡುವ ಪ್ಲಾಸ್ಟಿಕ್ ಮಾಡೆಲ್ ಕಿಟ್. ಆನ್‌ಲೈನಲ್ಲಿ ಯಾರೋ "1960ರ ದಶಕದ ಒರಿಜಿನಲ್, ಬಿಚ್ಚೇ ಇಲ್ಲ" ಅಂತ ಹಾಕಿದ್ದರಂತೆ, ಇವನು 14,000 ರೂಪಾಯಿ ಕೊಟ್ಟು ತರಿಸಿದ್ದಾನೆ. "ಅಂಕಲ್, ಬಿಚ್ಚಲಾ, ಹಾಗೇ ಇಟ್ಕೊಳ್ಳಲಾ?" ಅಂದ. ನಾನು ಡಬ್ಬ ತಿರುಗಿಸಿ ಒಂದು ಮೂಲೆ ತೋರಿಸಿದೆ. ಬಾರ್‌ಕೋಡ್ ಇತ್ತು. ಅಂಗಡಿ ಕೌಂಟರ್‌ನಲ್ಲಿ ಈ ಥರದ ಬಾರ್‌ಕೋಡ್ ಮೊದಲ ಸಲ ಸ್ಕ್ಯಾನ್ ಆಗಿದ್ದೇ 1974ರ ಜೂನ್‌ನಲ್ಲಿ, ಅಮೆರಿಕದ ಓಹಾಯೋದಲ್ಲಿ, ಒಂದು ಚೂಯಿಂಗ್ ಗಮ್ ಪ್ಯಾಕೆಟ್ ಮೇಲೆ. 1960ರ ಡಬ್ಬಕ್ಕೆ ಅದು ಎಲ್ಲಿಂದ ಬಂತು? ಹುಡುಗನ ಮುಖ ಸಣ್ಣದಾಯಿತು.

ಆದರೂ ಅವನಿಗೆ ಪೂರ್ತಿ ಮೋಸ ಆಗಿದೆ ಅಂತ ನಾನು ಹೇಳಲಿಲ್ಲ. ಡಬ್ಬ ಈಚಿನದು, ನಿಜ. ಒಳಗಿರುವ ಕಾರು ಹುಟ್ಟಿದ ಡೈ, ಅಂದರೆ ಅಚ್ಚು, ಮಾತ್ರ ಹಳೆಯದು.

ನಾನು ಪೀಣ್ಯದಲ್ಲಿ 26 ವರ್ಷದಿಂದ ಪ್ಲಾಸ್ಟಿಕ್ ಮೌಲ್ಡ್ ಮಾಡುವವನು. ಸ್ವಿಚ್ ಬಾಕ್ಸ್, ಮಿಕ್ಸಿ ಬಾಡಿ, ಬೈಕಿನ ಇಂಡಿಕೇಟರ್, ಇವೇ ನನ್ನ ಹೊಟ್ಟೆಪಾಡು. ಮಾಡೆಲ್ ಕಾರು ಹುಚ್ಚು. ಹಾಗಾಗಿ ಕಿಟ್ ಕೈಗೆ ಬಂದರೆ ನನ್ನ ಕಣ್ಣು ಡಬ್ಬದ ಚಿತ್ರಕ್ಕೆ ಹೋಗುವುದಿಲ್ಲ, ಸೀದಾ ಪಾರ್ಟಿಂಗ್ ಲೈನಿಗೆ ಹೋಗುತ್ತದೆ. ಡೈ ಅಂದರೆ ಎರಡು ಉಕ್ಕಿನ ಗಟ್ಟಿಗಳು. ಒಂದು ಕೋರ್, ಒಂದು ಕ್ಯಾವಿಟಿ. ಎರಡೂ ಕೂಡಿಕೊಂಡಾಗ ಮಧ್ಯೆ ಉಳಿಯುವ ಜಾಗಕ್ಕೆ ಕರಗಿದ ಪ್ಲಾಸ್ಟಿಕ್ ನುಗ್ಗುತ್ತದೆ, ತಣ್ಣಗಾದ ಮೇಲೆ ಡೈ ತೆರೆದರೆ ಪಾರ್ಟ್ ಹೊರಗೆ. ಆ ಎರಡು ಗಟ್ಟಿ ಸೇರುವ ಕಡೆ ಉಳಿಯುವ ಸಣ್ಣ ಗೆರೆಯೇ ಪಾರ್ಟಿಂಗ್ ಲೈನ್. ಕಾರ್ ಬಾಡಿ ಒಂದೇ ತುಂಡಾಗಿ ಬರಬೇಕು ಅಂದರೆ ಎರಡು ಗಟ್ಟಿ ಸಾಲದು. ಬಾಗಿಲು, ಗ್ರಿಲ್, ಹಿಂಭಾಗ ಎಲ್ಲದಕ್ಕೂ ಪಕ್ಕದಿಂದ ಜಾರಿ ಬರುವ ಸ್ಲೈಡ್‌ಗಳು ಬೇಕು. ಇಂಥ ಡೈ ಇವತ್ತು ಹೊಸದಾಗಿ ಮಾಡಿಸಿದರೂ ದುಡ್ಡು ನೀರಿನ ಹಾಗೆ ಹೋಗುತ್ತದೆ. ಆಗ ಇನ್ನೂ ಕಷ್ಟ. ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಮಷಿನ್ ಇರಲಿಲ್ಲ. ಕಿಟ್‌ಗಿಂತ ದೊಡ್ಡ ಅಳತೆಯಲ್ಲಿ ಮರದ ಮಾದರಿ ಕೆತ್ತಿ, ಪ್ಯಾಂಟೋಗ್ರಾಫ್ ಮಷಿನ್ನಿನಲ್ಲಿ ಅದರ ಮೇಲೆ ಮುಳ್ಳು ಆಡಿಸಿದರೆ ಇನ್ನೊಂದು ತುದಿಯ ಕಟರ್ ಅದನ್ನೇ ಚಿಕ್ಕದಾಗಿ ಉಕ್ಕಿನಲ್ಲಿ ಕೊರೆಯುತ್ತಿತ್ತು, ಉಳಿದದ್ದೆಲ್ಲ ಕೈಯಲ್ಲಿ ತಿಕ್ಕಿ ಪಾಲಿಶ್. ಅಂಥದ್ದನ್ನು ಒಂದು ಸಲ ಮಾಡಿದ ಮೇಲೆ ಯಾರಾದರೂ ಎಸೆಯುತ್ತಾರಾ? ಕಂಪನಿ ಮುಳುಗಿದರೂ ಡೈ ಮಾರಾಟವಾಗುತ್ತದೆ. ರೀಇಶ್ಯೂ, ಅಂದರೆ ಹಳೇ ಡೈಯಿಂದಲೇ ಮತ್ತೆ ಕಿಟ್ ತೆಗೆದು ಮಾರುವುದು, ಹುಟ್ಟಿದ್ದೇ ಇಲ್ಲಿಂದ.

ಎಎಂಟಿ ಅಂದರೆ ಅಲ್ಯುಮಿನಮ್ ಮಾಡೆಲ್ ಟಾಯ್ಸ್. 1948ರಲ್ಲಿ ಶುರುವಾದ ಮಿಶಿಗನ್‌ನ ಕಂಪನಿ, ಅಂದರೆ ಡೆಟ್ರಾಯಿಟ್‌ನ ಕಾರ್ ಫ್ಯಾಕ್ಟರಿಗಳ ಬಗಲಲ್ಲೇ. ಮೊದಲು ಇವರು ಮಾಡುತ್ತಿದ್ದದ್ದು ಕಿಟ್ ಅಲ್ಲ, ಪ್ರೊಮೋ. ಹೊಸ ಕಾರು ಬಿಡುಗಡೆಯಾದಾಗ ಶೋರೂಮಿನಲ್ಲಿ ಗಿರಾಕಿಗೆ ತೋರಿಸಲು, ಮಕ್ಕಳ ಕೈಗೆ ಕೊಡಲು ಜೋಡಿಸಿಟ್ಟ ಪುಟ್ಟ ಕಾರು. ಫೋರ್ಡ್, ಜಿಎಂ ಥರದವರು ಕಾರು ರಸ್ತೆಗೆ ಬರುವ ಮುಂಚೆಯೇ ಡ್ರಾಯಿಂಗ್ ಕೊಡುತ್ತಿದ್ದರು. ಆ ಕಾಲದ ಎಷ್ಟೋ ಪ್ರೊಮೋಗಳು ಅಸಿಟೇಟ್ ಪ್ಲಾಸ್ಟಿಕ್‌ನವು. ಅದು ವರ್ಷಗಳು ಕಳೆದಂತೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಇವತ್ತು ಸಂಗ್ರಹಕಾರರ ಬಳಿ ಇರುವ 1950ರ ದಶಕದ ಪ್ರೊಮೋ ನೋಡಿ, ಬಾನೆಟ್ ಒಂದು ಕಡೆ, ಬಂಪರ್ ಒಂದು ಕಡೆ.

1958ರಲ್ಲಿ ಎಎಂಟಿ ಒಂದು ಜಾಣತನ ಮಾಡಿತು. ಅದೇ ಪ್ರೊಮೋ ಡೈಗಳಿಂದ ಬಿಡಿ ಭಾಗಗಳನ್ನು ತೆಗೆದು, ಅದರ ಜೊತೆ ಒಂದಿಷ್ಟು ಹೆಚ್ಚುವರಿ ಪಾರ್ಟ್ ಹಾಕಿ, 3-ಇನ್-1 ಕಿಟ್ ಅಂತ ಮಾರಿತು. ಶೋರೂಮಿನ ಹಾಗೆ ಸ್ಟಾಕ್ ಆಗಿ ಜೋಡಿಸಬಹುದು, ಕಸ್ಟಮ್ ಮಾಡಬಹುದು, ಇಲ್ಲವೇ ರೇಸ್ ಕಾರು. ಅಳತೆ 1/25, ಅಂದರೆ ನಿಜವಾದ ಕಾರಿನ ಇಪ್ಪತ್ತೈದನೇ ಒಂದು ಪಾಲು. ಈ ಪ್ಲಾಸ್ಟಿಕ್ ಪಾಲಿಸ್ಟೈರೀನ್, ಸೊಟ್ಟಗಾಗುವ ಕಾಟ ಕಡಿಮೆ, ಅಂಟು ಅದನ್ನು ಕರಗಿಸಿ ಒಂದಕ್ಕೊಂದು ಬೆಸೆಯುತ್ತದೆ. ಹುಡುಗರು ಮುಗಿಬಿದ್ದರು. ಪ್ರತಿ ವರ್ಷ ಹೊಸ ಕಾರು, ಪ್ರತಿ ವರ್ಷ ಹೊಸ ಕಿಟ್.

ಎಡವಟ್ಟು ಶುರುವಾಗಿದ್ದೂ ಇಲ್ಲೇ. ಅಮೆರಿಕದ ಕಾರಿಗೆ ಪ್ರತಿ ವರ್ಷ ಗ್ರಿಲ್ ಬದಲು, ಟೈಲ್ ಲೈಟ್ ಬದಲು, ಉಳಿದ ಬಾಡಿ ಬಹುಪಾಲು ಅದೇ. ಕಿಟ್ ಕಂಪನಿ ಹೊಸ ಡೈ ಯಾಕೆ ಮಾಡಿಸುತ್ತದೆ? ಹಳೇ ಡೈಯಲ್ಲೇ ಗ್ರಿಲ್ ಇರುವ ಜಾಗ ಕೊರೆದು, ಬೆಸುಗೆ ಹಾಕಿ, ಹೊಸ ಇನ್‌ಸರ್ಟ್ ಕೂರಿಸಿ ಮುಂದಿನ ವರ್ಷದ ಕಾರು ತೆಗೆಯುತ್ತದೆ. ನಾವೂ ಇದನ್ನೇ ಮಾಡುತ್ತೇವೆ, ಗಿರಾಕಿ ಮಿಕ್ಸಿಯ ಲೋಗೋ ಬದಲಿಸಿದರೆ ಇಡೀ ಡೈ ಬಿಸಾಕಲ್ಲ. ಆದರೆ ಹೀಗೆ ತಿದ್ದಿದ ಕ್ಷಣ ಹಿಂದಿನ ವರ್ಷದ ಕಾರು ಸತ್ತಿತು. ಆ ಉಕ್ಕು ಈಗ ಇಲ್ಲ, ಅಷ್ಟೇ. ಆಮೇಲೆ 1970ರ ದಶಕದಲ್ಲಿ ರೇಸ್ ಹುಚ್ಚು ಜಾಸ್ತಿಯಾದಾಗ ಎಷ್ಟೋ ಸಾದಾ ಕಾರುಗಳ ಡೈಗಳಲ್ಲಿ ಚಕ್ರದ ಮೇಲಿನ ಕಮಾನನ್ನೇ ದೊಡ್ಡದು ಮಾಡಿಬಿಟ್ಟರು, ಅಗಲದ ಟೈರು ಹಿಡಿಯಲಿ ಅಂತ. ಯಾವುದೋ ಒಂದು ವರ್ಷದ ಕಿಟ್ ಹತ್ತು ಸಲ ವಾಪಸ್ ಬಂದು, ಅದರ ಹಿಂದಿನ ವರ್ಷದ್ದು ಒಂದು ಸಲವೂ ಬಾರದೆ ಇರುವುದಕ್ಕೆ ಬಹಳ ಸಲ ಕಾರಣ ಇದೇ. ಕಂಪನಿಯ ಸೋಮಾರಿತನ ಅಂತ ಬೈಯುವವರಿಗೆ ನಾನು ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

1940ರ ಫೋರ್ಡ್‌ನ ಅದೃಷ್ಟ ಬೇರೆ. ಅದು ವರ್ಷದ ಹೊಸ ಕಾರಾಗಿ ಬಂದದ್ದಲ್ಲ, ಮೊದಲಿನಿಂದಲೂ ಹಳೇ ಕಾರಿನ ಕಿಟ್ ಆಗಿಯೇ ಬಂದದ್ದು. ಮುಂದಿನ ವರ್ಷಕ್ಕೆ ತಿದ್ದುವ ಪ್ರಮೇಯವೇ ಇಲ್ಲ. ಹಾಗಾಗಿ ಆ ಡೈ ಉಳಿಯಿತು, ಮತ್ತೆ ಮತ್ತೆ ಮಷಿನ್ ಏರಿತು.

ಮಾಲೀಕರು ಮಾತ್ರ ಬದಲಾಗುತ್ತಲೇ ಹೋದರು. 1978ರಲ್ಲಿ ಎಎಂಟಿಯನ್ನು ಮ್ಯಾಚ್‌ಬಾಕ್ಸ್ ಆಟಿಕೆ ಕಾರು ಮಾಡುತ್ತಿದ್ದ ಲೆಸ್ನಿ ಕೊಂಡಿತು, ಅದು ಮುಳುಗಿದ ಮೇಲೆ ಅರ್ಟ್ಲ್, ಈಗ ಇಂಡಿಯಾನಾದ ರೌಂಡ್ 2. ಎಎಂಟಿಯ ಎದುರಾಳಿಯಾಗಿದ್ದ ಎಂಪಿಸಿ ಕೂಡ ಸುತ್ತಿ ಬಳಸಿ ಅಲ್ಲಿಗೇ ಬಂದು ಸೇರಿದೆ, ಒಂದು ಕಾಲದಲ್ಲಿ ಹಾವು ಮುಂಗುಸಿಯಂತಿದ್ದವರ ಡೈಗಳು ಈಗ ಒಬ್ಬನೇ ಯಜಮಾನನ ಕೈಯಲ್ಲಿ. ಇನ್ನೆರಡು ಕಿಟ್ ಕಂಪನಿಗಳಾದ ರೆವೆಲ್ ಮತ್ತು ಮೊನೊಗ್ರಾಮ್ 1986ರಲ್ಲಿ ಒಂದಾದವು, 2018ರಲ್ಲಿ ಅವರ ಮಾಲೀಕ ಕಂಪನಿ ಹಾಬಿಕೋ ದಿವಾಳಿಯಾಗಿ ಎಲ್ಲವೂ ಜರ್ಮನರ ಪಾಲಾಯಿತು.

ಬ್ರಿಟನ್ನಿನ ಏರ್‌ಫಿಕ್ಸ್ ಕಥೆ ನಮಗೆ ಇನ್ನೂ ಹತ್ತಿರದ್ದು. 1950ರ ದಶಕದಲ್ಲಿ ವೂಲ್‌ವರ್ತ್ಸ್ ಅಂಗಡಿಯಲ್ಲಿ ಎರಡು ಶಿಲ್ಲಿಂಗ್‌ಗೆ ಕಿಟ್ ಮಾರುತ್ತಿದ್ದ ಕಂಪನಿ ಅದು. 1/32 ಅಳತೆಯ ಹಳೇ ರೋಲ್ಸ್ ರಾಯ್ಸ್, ಬೆಂಟ್ಲಿಗಳನ್ನು ಆಗಲೇ ತಂದಿತ್ತು. 1981ರಲ್ಲಿ ಮುಗ್ಗರಿಸಿತು, ಆಮೇಲೆ ಕೈ ಬದಲಾಗಿ ಮಾಡೆಲ್ ಬಣ್ಣ ಮಾಡುವ ಹಂಬ್ರೋಲ್ ಹತ್ತಿರ ಬಂತು. ಅಷ್ಟರಲ್ಲಿ ಕಿಟ್ ಮೌಲ್ಡ್ ಮಾಡುವ ಕೆಲಸ ಫ್ರಾನ್ಸ್‌ನ ಹೆಲ್ಲರ್ ಫ್ಯಾಕ್ಟರಿಗೆ ಹೋಗಿತ್ತು. 2006ರಲ್ಲಿ ಹೆಲ್ಲರ್ ದಿವಾಳಿ ಅಂಚಿಗೆ ಬಂದಾಗ ಕಿಟ್ ಬರುವುದೇ ನಿಂತು ಹಂಬ್ರೋಲ್ ಕೂಡ ಕುಸಿಯಿತು. ಅದೇ ನವೆಂಬರ್‌ನಲ್ಲಿ ಆಟಿಕೆ ರೈಲಿನ ಹಾರ್ನ್‌ಬಿ 26 ಲಕ್ಷ ಪೌಂಡಿಗೆ ಎರಡೂ ಬ್ರ್ಯಾಂಡ್‌ಗಳನ್ನು ಕೊಂಡಿತು. ಅದಾದ ಕೆಲವು ವರ್ಷಕ್ಕೆ ಏರ್‌ಫಿಕ್ಸ್ ಡಬ್ಬಗಳ ಮೇಲೆ "ಮೇಡ್ ಇನ್ ಇಂಡಿಯಾ" ಕಾಣಿಸಿಕೊಂಡಿತು! ನನಗೆ ಅದನ್ನು ಮೊದಲು ನೋಡಿದಾಗ ಆದ ಖುಷಿ ಹೇಳತೀರದು. ಇಂಗ್ಲೆಂಡಿನ ಸಂಗ್ರಹಕಾರರು ಗೊಣಗಿದ್ದೂ ಉಂಟು. ನಾನು ಎರಡೂ ಕಾಲದ ಪಾರ್ಟ್ ಪಕ್ಕಪಕ್ಕ ಇಟ್ಟು ನೋಡಿದವನು. ಹಳೇ ಡೈಯಿಂದ ಬಂದ ಕಿಟ್‌ಗಳಲ್ಲಿ ದೋಷ ಇದ್ದದ್ದು ಬಹುಪಾಲು ಡೈಯಲ್ಲೇ, ಮಷಿನ್ ಮುಂದೆ ನಿಂತ ನಮ್ಮ ಹುಡುಗರದ್ದೇನೂ ತಪ್ಪಿರಲಿಲ್ಲ.

ಡೈಗೆ ವಯಸ್ಸಾದರೆ ಏನಾಗುತ್ತದೆ? ಎರಡು ಗಟ್ಟಿಗಳು ಸೇರುವ ಅಂಚು ಸವೆಯುತ್ತದೆ, ಆ ಸಂದಿಯಿಂದ ಪ್ಲಾಸ್ಟಿಕ್ ತೆಳ್ಳಗೆ ಸೋರುತ್ತದೆ. ಅದೇ ಫ್ಲ್ಯಾಶ್, ಪಾರ್ಟ್ ಸುತ್ತ ಬರುವ ಕಾಗದದಂಥ ರೆಕ್ಕೆ. ಸ್ಲೈಡ್‌ಗಳು ಸಡಿಲವಾದರೆ ಬಾಡಿ ಮೇಲೆ ಗೆರೆ ಎದ್ದು ನಿಲ್ಲುತ್ತದೆ. ಗೋಡೌನಿನಲ್ಲಿ ಎಣ್ಣೆ ಹಚ್ಚದೆ ಇಟ್ಟರೆ ತುಕ್ಕು, ತುಕ್ಕು ತಿಕ್ಕಿದರೆ ಸಣ್ಣ ಅಕ್ಷರ, ರಿವೆಟ್ ಎಲ್ಲ ಮಾಯ. ಒಂದು ಸಣ್ಣ ಪಿನ್ ಮುರಿದರೆ ಸ್ಟೀರಿಂಗ್ ತೂತೇ ಬರುವುದಿಲ್ಲ. ಆದರೆ ಇಷ್ಟಕ್ಕೆಲ್ಲ ಹೆದರಬೇಕಿಲ್ಲ, ಒಂದು ಬ್ಲೇಡು, ಒಂದು ಉಪ್ಪುಕಾಗದ ಇದ್ದರೆ ಅರ್ಧ ಗಂಟೆಯ ಕೆಲಸ.

ಒರಿಜಿನಲ್ ಡಬ್ಬಗಳ ಕಷ್ಟ ಇದಕ್ಕಿಂತ ದೊಡ್ಡದು. ಟೈರು ಮೆತ್ತನೆಯ ವಿನೈಲ್. ಅದನ್ನು ಮೆದು ಮಾಡಲು ಬೆರೆಸಿದ ಪದಾರ್ಥ ನಿಧಾನಕ್ಕೆ ಹೊರಬಂದು ತಾಗಿದ ಸ್ಟೈರೀನನ್ನು ತಿನ್ನುತ್ತದೆ. 50 ವರ್ಷ ಬಿಚ್ಚದ ಡಬ್ಬ ಅಂತ ಲಕ್ಷಗಟ್ಟಲೆ ಸುರಿದು ತಂದು ತೆಗೆದರೆ ಬಾಡಿ ಬಾಗಿಲಿನ ಮೇಲೆ ಟೈರಿನ ಗುರುತು ಅಚ್ಚೊತ್ತಿರುತ್ತದೆ. ಡೆಕಾಲ್, ಅಂದರೆ ಕಾರಿನ ಮೇಲೆ ಅಂಟಿಸುವ ಗುರುತು, ಅಕ್ಷರಗಳ ಹಾಳೆ, ಹಳದಿ. ನನ್ನನ್ನು ಕೇಳಿದರೆ, ಜೋಡಿಸುವ ಆಸೆ ಇರುವವರು ರೀಇಶ್ಯೂ ಕೊಳ್ಳಬೇಕು, ಕಣ್ಮುಚ್ಚಿ. ಹೊಸ ಟೈರು, ಹೊಸ ಡೆಕಾಲ್, ಹಳೇ ಕಾರು.

ಈಗ ಇನ್ನೊಂದು ಬಗೆ ಬಂದಿದೆ. ಡೈ ಪೂರ್ತಿ ಹೋಗಿದ್ದರೆ, ಬಿಚ್ಚದ ಹಳೇ ಕಿಟ್ ಒಂದನ್ನು ಹುಡುಕಿ, ಪಾರ್ಟ್‌ಗಳನ್ನು ಸ್ಕ್ಯಾನ್ ಮಾಡಿ, ಹೊಸ ಡೈಯನ್ನೇ ಕಡಿಯುವುದು. ರೌಂಡ್ 2 ಈ ದಾರಿಯಲ್ಲಿ 1963ರ ಶೆವಿ ನೋವಾ ವ್ಯಾಗನ್ ಥರದ ಕಿಟ್‌ಗಳನ್ನು ವಾಪಸ್ ತಂದಿದೆ. ಕೇಳೋಕೆ ಸುಲಭ, ಅಲ್ವಾ? ಸ್ಟೈರೀನ್ ತಣ್ಣಗಾಗುವಾಗ ಸುಮಾರು ಅರ್ಧ ಪರ್ಸೆಂಟ್ ಕುಗ್ಗುತ್ತದೆ. 200 ಮಿಲಿಮೀಟರ್ ಉದ್ದದ ಬಾಡಿಗೆ ಅದು 1 ಮಿಲಿಮೀಟರ್. ಪಾರ್ಟ್ ಅಳತೆಯಲ್ಲೇ ಡೈ ಮಾಡಿದರೆ ಹೊಸ ಬಾಡಿ ಒಂದು ಮಿಲಿಮೀಟರ್ ಗಿಡ್ಡ, ಹಳೇ ಕಿಟ್‌ನ ಷಾಸಿ ಅದರಲ್ಲಿ ಕೂರುವುದಿಲ್ಲ. ಅದನ್ನು ಮೊದಲೇ ಲೆಕ್ಕ ಹಾಕಿ ಡೈ ದೊಡ್ಡದು ಮಾಡಬೇಕು. ನನ್ನ ಕೆಲಸದ ಮೊದಲ ವರ್ಷ ಈ ಲೆಕ್ಕವನ್ನು ನಾನು ಒಂದು ಬಾಟಲಿ ಮುಚ್ಚಳದಲ್ಲಿ ತಪ್ಪಿಸಿ ಯಜಮಾನರಿಂದ ತಿಂದ ಬೈಗುಳ ಇವತ್ತಿಗೂ ಕಿವಿಯಲ್ಲಿದೆ.

ಕೆಲವು ಸಲ ಕಿಟ್ ಉಳಿದು ನಿಜವಾದ ಕಾರುಗಳೇ ಬಹುಪಾಲು ಹೋಗಿರುತ್ತವೆ. ಕ್ರೈಸ್ಲರ್ 1960ರ ದಶಕದಲ್ಲಿ ಜೆಟ್ ಎಂಜಿನ್ ಥರದ ಟರ್ಬೈನ್ ಕಾರು ಮಾಡಿ ಜನರಿಗೆ ಓಡಿಸಲು ಕೊಟ್ಟಿತ್ತು. ಒಟ್ಟು 55 ಕಾರು. ಪ್ರಯೋಗ ಮುಗಿದ ಮೇಲೆ 46ನ್ನು ಕಂಪನಿಯೇ ಗುಜರಿಗೆ ಹಾಕಿಸಿತು. ಡೆಟ್ರಾಯಿಟ್‌ನ ಜೋ-ಹಾನ್ ಅದರ ಕಿಟ್ ಮಾಡಿತ್ತು. ಆ ಕಾರು ಬೇಕು ಅನ್ನುವ ನಮ್ಮಂಥವರಿಗೆ ಇಂದು ಅಂಥ ಪುಟ್ಟ ಮಾಡೆಲ್ಲೇ ಗತಿ. ಜಪಾನಿನ ಟಮಿಯಾದ್ದು ಇದರ ತದ್ವಿರುದ್ಧ. ಪೋರ್ಷೆ 934ರ 1/12 ಕಿಟ್ ಮಾಡಲು ಶುನ್ಸಾಕು ಟಮಿಯಾ ಒಂದು ನಿಜವಾದ ಪೋರ್ಷೆ 911 ಕೊಂಡು ಪೂರ್ತಿ ಬಿಚ್ಚಿ ಹಾಕಿದರು. ವಾಪಸ್ ಜೋಡಿಸಲು ಪೋರ್ಷೆಯ ಮೆಕ್ಯಾನಿಕ್ಕನ್ನೇ ಕರೆಸಬೇಕಾಯಿತು. 1976ರಲ್ಲಿ ಬಂದ ಆ ಕಿಟ್ಟಿನ ಎಂಜಿನ್ ನೋಡಿದರೆ ಬಿಚ್ಚಿದ್ದು ಸಾರ್ಥಕ ಅನಿಸುತ್ತದೆ.

ಕೊಳ್ಳುವವರಿಗೆ ಎರಡು ಮಾತು. ಬಾರ್‌ಕೋಡ್ ಹೇಳಿಯಾಯಿತು. ಕಂಪನಿಯ ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ ಇದ್ದರೆ ಡಬ್ಬ 1963ಕ್ಕೆ ಮುಂಚಿನದಲ್ಲ, ಅಮೆರಿಕದಲ್ಲಿ ಅದು ಬಂದದ್ದೇ ಆ ವರ್ಷ. ವೆಬ್‌ಸೈಟ್ ವಿಳಾಸ ಇದ್ದರಂತೂ ಮಾತೇ ಬೇಡ. ಷಾಸಿ ಕೆಳಗೆ ಅಚ್ಚಾಗಿರುವ ಇಸವಿಯನ್ನು ನಂಬಬೇಡಿ, ಅದು ಡೈ ಕಡಿದ ಇಸವಿ, ಪ್ಲಾಸ್ಟಿಕ್ ಸುರಿದದ್ದು ನಿನ್ನೆಯೇ ಇರಬಹುದು. ಡಬ್ಬದ ಹಳೇ ಚಿತ್ರವನ್ನೂ ನಂಬಬೇಡಿ, ಈಗಿನ ರೀಇಶ್ಯೂಗಳಲ್ಲಿ ಬೇಕಂತಲೇ ಹಳೇ ಚಿತ್ರ ಹಾಕುತ್ತಾರೆ. ಕಂಪನಿ ಏನೂ ಮುಚ್ಚಿಡುವುದಿಲ್ಲ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ತನ್ನ ಹೆಸರು ಹಾಕಿರುತ್ತದೆ. ಮುಚ್ಚಿಡುವವನು ನಡುವಿನ ಮಾರಾಟಗಾರ, ಆ ಮೂಲೆ ಬಿಟ್ಟು ಫೋಟೋ ತೆಗೆಯುತ್ತಾನೆ. ಸುತ್ತಿದ ಪ್ಲಾಸ್ಟಿಕ್ ಹಾಳೆ ಸಾಕ್ಷಿಯೇ ಅಲ್ಲ, ಅದನ್ನು ಮತ್ತೆ ಸುತ್ತುವ ಮಷಿನ್ ನಮ್ಮ ಪಕ್ಕದ ಶೆಡ್ಡಿನಲ್ಲೇ ಇದೆ.

ಹುಡುಗ ಅಷ್ಟೂ ಹೊತ್ತು ಕೇಳಿಸಿಕೊಂಡು ಕೂತಿದ್ದ. ಕೊನೆಗೆ ತಾನೇ ಡಬ್ಬ ಬಿಚ್ಚಿದ. ಬಂಪರ್ ಸುತ್ತ ಒಂದಿಷ್ಟು ಫ್ಲ್ಯಾಶ್ ಇತ್ತು, ಬಾಡಿ ಚೆನ್ನಾಗಿತ್ತು, ಛಾವಣಿಯ ಆ ಇಳಿಜಾರು ಎಷ್ಟೋ ವರ್ಷದ ಹಿಂದೆ ಯಾರೋ ಮರದಲ್ಲಿ ಕೆತ್ತಿದ ಹಾಗೇ ಇತ್ತು. "ದುಡ್ಡು ವಾಪಸ್ ಕೇಳಲಾ ಅಂಕಲ್?" ಅಂದ. ಕೇಳು ಅಂದೆ. ಅಷ್ಟರಲ್ಲಿ ಅವನು ನನ್ನ ಡಬ್ಬಿಯಿಂದ ಬ್ಲೇಡು ತೆಗೆದುಕೊಂಡು ಮೊದಲ ಪಾರ್ಟನ್ನು, ಪಾರ್ಟ್‌ಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಕಡ್ಡಿಯಾದ ರನ್ನರ್‌ನಿಂದ ಕತ್ತರಿಸಿಯಾಗಿತ್ತು.