ಬರಾಕುಡ ಮತ್ತು ಬೆಳ್ಳಿ ನಾಣ್ಯ

ಮೀನಿನ ಜೊತೆ ಒಂದು ಬೆಳ್ಳಿ ನಾಣ್ಯ ಹಾಕಿ ಬೇಯಿಸಿ. ನಾಣ್ಯ ಕಪ್ಪಾದರೆ ಮೀನಿನಲ್ಲಿ ವಿಷ ಇದೆ, ಹೊಳೆಯುತ್ತಲೇ ಇದ್ದರೆ ಧೈರ್ಯವಾಗಿ ಊಟಕ್ಕೆ ಕೂರಿ. ಕೆರಿಬಿಯನ್ ದ್ವೀಪಗಳಲ್ಲಿ ಬರಾಕುಡ ಎಂಬ ಬೇಟೆಗಾರ ಮೀನನ್ನು ತಿನ್ನುವವರ ನಡುವೆ ಬಹಳ ಹಿಂದಿನಿಂದ ಓಡಾಡುತ್ತಿರುವ ಪರೀಕ್ಷೆ ಇದು. ಇದಕ್ಕೆ ಒಡಹುಟ್ಟಿದವೂ ಇವೆ. ನೊಣ ಕೂರದ ಮೀನು ಬೇಡ. ಇರುವೆ ಮುತ್ತದ ಮೀನು ಬೇಡ. ಅನುಮಾನ ಬಂದರೆ ಬೆಕ್ಕಿಗೆ ಒಂದು ತುಂಡು ಹಾಕಿ ನೋಡಿ.

ಬೆಕ್ಕಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದರಲ್ಲಿ ಸ್ವಲ್ಪ ಹುರುಳಿದೆ. ನಾಣ್ಯದ್ದು ಮಾತ್ರ ಬರೀ ಬೊಗಳೆ. ಬೆಳ್ಳಿಯನ್ನು ಕಪ್ಪು ಮಾಡುವುದು ಗಂಧಕ. ಮೀನು ಕೊಳೆಯತೊಡಗಿದರೆ ಗಂಧಕ ಸೇರಿದ ಅನಿಲ ಹೊರಡುತ್ತದೆ, ಅದು ಬೆಳ್ಳಿಯನ್ನು ಮಂಕು ಮಾಡೀತು. ಆದರೆ ಕೊಳೆತ ಮೀನನ್ನು ಗುರುತಿಸಲು ಮೂಗು ಸಾಕಲ್ವಾ, ಬೆಳ್ಳಿ ಯಾಕೆ? ಬರಾಕುಡದ ವಿಷ ಕೊಳೆತದ್ದರಿಂದ ಬಂದದ್ದಲ್ಲ. ಈಗ ತಾನೇ ನೀರಿನಿಂದ ಎಳೆದ, ಬಾಲ ಬಡಿಯುತ್ತಿರುವ ಮೀನಿನಲ್ಲೂ ಅದು ಪೂರ್ತಿ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ.

ಮೊದಲು ಮೀನು ದೋಣಿಗೆ ಬರಲಿ. ಬರಾಕುಡ ಬೇಟೆಯಾಡುವುದು ಕಣ್ಣಿನಿಂದ. ಹೊಳೆಯುವುದು, ಸರ್ರನೆ ಓಡುವುದು, ಗಾಯಗೊಂಡಂತೆ ಒದ್ದಾಡುವುದು ಕಂಡರೆ ತಡೆದುಕೊಳ್ಳುವುದಿಲ್ಲ. ಹಾಗಾಗಿ ಟ್ಯೂನಾ ಬರಲಿ ಅಂತ ದೋಣಿಯ ಹಿಂದೆ ಮಿರುಗುವ ಹುಸಿಮೀನು ಎಳೆದುಕೊಂಡು ಹೋದವರ ಗಾಳಕ್ಕೆ ಇದು ಬಂದು ಬೀಳುವುದು ಮಾಮೂಲು. ಬರೀ ನೈಲಾನ್ ದಾರ ಇದ್ದರೆ ಕಚಕ್ ಅಂತ ತುಂಡು, ಅದಕ್ಕೇ ಗಾಳದ ಹತ್ತಿರ ಒಂದು ಗೇಣು ತಂತಿ ಕಟ್ಟುತ್ತಾರೆ. ದೋಣಿಯ ಪಕ್ಕಕ್ಕೆ ಬಂದಾಗ ಬಾಯಿ ನೋಡಿ. ಕೆಳದವಡೆ ಮುಂದಕ್ಕೆ ಚಾಚಿರುತ್ತದೆ. ಕತ್ತಿಯಂಥ ದೊಡ್ಡ ಹಲ್ಲುಗಳಿಗೆ ಎದುರಿನ ದವಡೆಯಲ್ಲಿ ಒಂದೊಂದು ಗುಳಿ ಇರುತ್ತದೆ, ಬಾಯಿ ಮುಚ್ಚಿದಾಗ ಹಲ್ಲು ಅದರೊಳಗೆ ಇಳಿದು ಕೂರುತ್ತದೆ. ಆ ಗುಳಿಗಳು ಇಲ್ಲದಿದ್ದರೆ ಪಾಪದ ಮೀನಿಗೆ ಬಾಯಿ ಮುಚ್ಚಲೂ ಆಗುತ್ತಿರಲಿಲ್ಲ. ಬೆಳ್ಳಿಯಂಥ ಹೊಟ್ಟೆಯ ಪಕ್ಕದಲ್ಲಿ ಶಾಯಿ ಚೆಲ್ಲಿದ ಹಾಗೆ ಕಪ್ಪು ಮಚ್ಚೆಗಳಿದ್ದರೆ ಅದು ದೊಡ್ಡ ಬರಾಕುಡ, ಈ ಲೇಖನದ ಆರೋಪಿ.

ಇಲ್ಲೇ ಒಂದು ವಾದ ಕೇಳಿಬರುತ್ತದೆ. "ಇದನ್ನು ಹಿಡಿದದ್ದು ಆಳಸಮುದ್ರದಲ್ಲಿ, ಹವಳದ ದಿಬ್ಬದ ಹತ್ತಿರ ಅಲ್ಲ. ವಿಷ ಇರೋದು ದಿಬ್ಬದ ಮೀನಿನಲ್ಲಿ ತಾನೇ?" ಅರ್ಧ ಸರಿ. ಆದರೆ ಮೀನಿಗೆ ಈಜಲು ಬರುತ್ತದೆ. ಮರಿಯಾಗಿದ್ದಾಗ ದಡದ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಅಡಗಿದ್ದು, ಬೆಳೆದ ಮೇಲೆ ದಿಬ್ಬದಲ್ಲಿ ಹೊಟ್ಟೆ ತುಂಬಿಸಿಕೊಂಡು, ಆಮೇಲೆ ತೆರೆದ ಕಡಲಿಗೆ ಬಂದಿರಬಹುದು. ತಿಂದ ವಿಷ ಮೈಯಿಂದ ಹೋಗಲು ಬಹಳ ಕಾಲ ಬೇಕು. ನೀವು ಅದನ್ನು ಎಲ್ಲಿ ಹಿಡಿದಿರಿ ಅನ್ನುವುದಲ್ಲ ಪ್ರಶ್ನೆ, ಅದು ಎಲ್ಲೆಲ್ಲಿ ಉಂಡು ಬಂತು ಅನ್ನುವುದು.

ಈ ಕಾಯಿಲೆಯ ಹೆಸರು ಸಿಗ್ವಾಟೆರಾ. ಹೆಸರಿನ ಕಥೆಯೇ ಒಂದು ತಮಾಷೆ. ಕ್ಯೂಬಾದಲ್ಲಿ 'ಸಿಗ್ವಾ' ಅಂದರೆ ಒಂದು ಬಗೆಯ ಸಮುದ್ರದ ಬಸವನಹುಳು. ಅದನ್ನು ತಿಂದು ಕಾಯಿಲೆ ಬಿದ್ದವರ ಬಗ್ಗೆ ಆಂಟೋನಿಯೋ ಪಾರಾ ಎಂಬಾತ 1787ರಲ್ಲಿ ಬರೆದ. ಬಸವನಹುಳುವಿನ ಹೆಸರು ಮೀನಿನ ಕಾಯಿಲೆಗೆ ಅಂಟಿಕೊಂಡಿತು, ಇವತ್ತಿಗೂ ಬಿಟ್ಟಿಲ್ಲ. ಅದಕ್ಕೂ ಮೊದಲು, 1774ರಲ್ಲಿ, ಕ್ಯಾಪ್ಟನ್ ಕುಕ್‌ನ ಹಡಗಿನವರು ಈಗಿನ ವನುವಾಟುವಿನ ಮಲೆಕುಲಾ ದ್ವೀಪದ ಬಳಿ ಮೀನು ಹಿಡಿದು ತಿಂದು ಮಲಗಿದ್ದರು. ಅದೂ ಇದೇ ಇರಬೇಕು ಅಂತ ಬಲವಾದ ಊಹೆ.

ಮೀನು ಈ ವಿಷವನ್ನು ತಾನೇ ತಯಾರಿಸುವುದಿಲ್ಲ, ಊಟದಲ್ಲಿ ಪಡೆಯುತ್ತದೆ ಅಂತ 1958ರಲ್ಲಿ ವಾದಿಸಿದವನು ಜಾನ್ ರ‍್ಯಾಂಡಲ್ ಎಂಬ ಮೀನು ವಿಜ್ಞಾನಿ. ತಳದಲ್ಲಿ ಬೆಳೆಯುವ ಯಾವುದೋ ಸಣ್ಣ ಜೀವಿ ಇದರ ಮೂಲ ಎಂದ. ಜೀವಿ ಸಿಕ್ಕಿರಲಿಲ್ಲ, ಬರೀ ತರ್ಕ! ಸುಮಾರು ಇಪ್ಪತ್ತು ವರ್ಷದ ನಂತರ ಜಪಾನಿನ ವಿಜ್ಞಾನಿ ಯಾಸುಮೊಟೊ ಮತ್ತು ಜೊತೆಗಾರರು ಫ್ರೆಂಚ್ ಪಾಲಿನೇಷ್ಯಾದ ಗ್ಯಾಂಬಿಯೆ ದ್ವೀಪಗಳಲ್ಲಿ ಅದನ್ನು ಹಿಡಿದೇಬಿಟ್ಟರು. ತಟ್ಟೆಯಾಕಾರದ, ಒಂದೇ ಕೋಶದ ಪುಟ್ಟ ಜೀವಿ. ಸತ್ತ ಹವಳದ ಮೇಲೆ ಬೆಳೆಯುವ ಪಾಚಿಗೆ ಅಂಟಿಕೊಂಡು ಬದುಕುತ್ತದೆ. ಗ್ಯಾಂಬಿಯರ್‌ಡಿಸ್ಕಸ್ ಅಂತ ಹೆಸರಿಟ್ಟರು. ಪಾಚಿ ಮೇಯುವ ಮೀನು ಅದನ್ನೂ ಸೇರಿಸಿ ಮೇಯುತ್ತದೆ. ಅಂಥ ನೂರಾರು ಮೀನುಗಳನ್ನು ಬರಾಕುಡ ವರ್ಷಗಟ್ಟಲೆ ನುಂಗುತ್ತದೆ. ಸಾಲಗಾರರೆಲ್ಲರ ಸಾಲವೂ ಕೊನೆಗೆ ಒಬ್ಬನ ತಲೆಗೇ ಬಂದ ಹಾಗೆ. ದಾರಿಯಲ್ಲಿ ಮೀನಿನ ಮೈಯೊಳಗೆ ವಿಷ ರೂಪ ಬದಲಿಸಿ ಇನ್ನೂ ಖಾರವಾಗುತ್ತದೆ. ಬರಾಕುಡಕ್ಕೆ ಮಾತ್ರ ನೋಡಿದರೆ ಏನೂ ಆದಂತೆ ಕಾಣುವುದಿಲ್ಲ.

ಎಷ್ಟು ಖಾರ? ಕೆರಿಬಿಯನ್ ಮೀನಿಗೆ ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ ಇಟ್ಟಿರುವ ಮಿತಿ ಒಂದು ಕಿಲೋಗೆ 0.1 ಮೈಕ್ರೋಗ್ರಾಂ. ಲೆಕ್ಕ ಹಾಕಿ: ಒಂದೇ ಗ್ರಾಂ ವಿಷ 10,000 ಟನ್ ಮೀನನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ. ಪೆಸಿಫಿಕ್ ಸಾಗರದ ವಿಷಕ್ಕೆ ಮಿತಿ ಇದರ ಹತ್ತನೇ ಒಂದು ಪಾಲು. ಇದರ ರಚನೆ ತಿಳಿಯಲು ಯಾಸುಮೊಟೊ ತಂಡ 4,000 ಕಿಲೋ ಮೋರೆ ಹಾವುಮೀನು ಗುಡ್ಡೆ ಹಾಕಿತು. ಕೊನೆಗೆ ಕೈಗೆ ಸಿಕ್ಕ ಶುದ್ಧ ವಿಷ 0.35 ಮಿಲಿಗ್ರಾಂ. ನಾಲ್ಕು ಸಾವಿರ ಕಿಲೋಗೆ! ನನಗೆ ಇದನ್ನು ನೆನೆದಾಗಲೆಲ್ಲ ಆ ಮೀನುಗಳನ್ನು ಕೊಯ್ದವರ ಕೈ ನೆನಪಾಗುತ್ತದೆ.

ಈಗ ನನಗೆ ಜಾಸ್ತಿ ಇಷ್ಟವಾದ ಭಾಗ. ನಮ್ಮ ನರಗಳ ಹೊದಿಕೆಯಲ್ಲಿ ಸೋಡಿಯಂಗೆ ಅಂತಲೇ ಪುಟಾಣಿ ಬಾಗಿಲುಗಳಿವೆ. ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಕಡಿಮೆ. ಬಾಗಿಲು ತೆರೆದರೆ ಸೋಡಿಯಂ ಒಳಕ್ಕೆ ನುಗ್ಗುತ್ತದೆ, ಆ ನುಗ್ಗಾಟವೇ ನರದ ಸುದ್ದಿ. ಸುದ್ದಿ ದಾಟಿದ ಮರುಕ್ಷಣ ಬಾಗಿಲು ಮುಚ್ಚಬೇಕು, ಇದೆಲ್ಲ ಸೆಕೆಂಡಿನ ಸಾವಿರದ ಕೆಲವು ಪಾಲಿನೊಳಗೆ. ನಮ್ಮ ಈ ವಿಷದ ಹೆಸರು ಸಿಗ್ವಾಟಾಕ್ಸಿನ್, ಅದರ ಅಣು ಹದಿಮೂರು ಹದಿನಾಲ್ಕು ಉಂಗುರ ಒಂದರ ಪಕ್ಕ ಒಂದು ಜೋಡಿಸಿದ ಉದ್ದನೆಯ ಏಣಿ. ಅದು ಬಂದು ಬಾಗಿಲಿಗೆ ಬೆಣೆ ಹೊಡೆದಂತೆ ಸಿಕ್ಕಿಕೊಳ್ಳುತ್ತದೆ. ಬಾಗಿಲು ಯಾರೂ ತಟ್ಟದೆ ತೆರೆಯುತ್ತದೆ, ಸರಿಯಾಗಿ ಮುಚ್ಚುವುದೂ ಇಲ್ಲ. ಕರೆಗಂಟೆಯ ಗುಂಡಿ ಒತ್ತಿದಲ್ಲೇ ಸಿಕ್ಕಿಕೊಂಡರೆ ಹೇಗೆ? ಬಾಗಿಲಲ್ಲಿ ಯಾರೂ ಇಲ್ಲ, ಆದರೂ ಗಂಟೆ ನಿಲ್ಲುತ್ತಿಲ್ಲ. ಹೋಲಿಕೆ ಜಾಸ್ತಿಯಾಯಿತು ಅಂತ ಗೊತ್ತು, ಇನ್ನೊಂದೇ ಒಂದು: ವಾಷರ್ ಸವೆದ ನಲ್ಲಿ. ಎಷ್ಟು ತಿರುಗಿಸಿದರೂ ತೊಟ್ಟಿಕ್ಕುತ್ತಲೇ ಇರುತ್ತದೆ, ಕೆಳಗಿನ ಬಕೆಟ್ ತುಂಬುತ್ತಲೇ ಇರುತ್ತದೆ. ನರದ ವಿಷಯದಲ್ಲಿ ಇದು ಹೋಲಿಕೆ ಮಾತ್ರ ಅಲ್ಲ. ಸೋಡಿಯಂ ಹಿಂದೆ ನೀರೂ ಒಳಗೆ ಬಂದು ನರ ಊದಿಕೊಳ್ಳುತ್ತದೆ.

ತಿಂದ ಕೆಲವು ಗಂಟೆಗಳಲ್ಲಿ ವಾಂತಿ, ಭೇದಿ, ಹೊಟ್ಟೆನೋವು. ಅದು ಒಂದೆರಡು ದಿನದಲ್ಲಿ ತಗ್ಗುತ್ತದೆ. ಆಮೇಲೆ ನರಗಳ ಸರದಿ. ತುಟಿ, ಬೆರಳ ತುದಿ ಜುಮುಜುಮು. ಮೈ ತುರಿಕೆ. ಹಲ್ಲು ಸಡಿಲವಾದಂತೆ ಅನಿಸುತ್ತದೆ, ಮುಟ್ಟಿ ನೋಡಿದರೆ ಗಟ್ಟಿಯಾಗೇ ಇರುತ್ತದೆ. ಕೆಲವರಿಗೆ ನಾಡಿ ನಿಧಾನವಾಗುತ್ತದೆ. ಎಲ್ಲಕ್ಕಿಂತ ವಿಚಿತ್ರ ಅಂದರೆ, ತಣ್ಣೀರಿನ ಲೋಟ ಹಿಡಿದರೆ ಕೈ ಸುಟ್ಟಂತೆ ಉರಿ. ಬಿಸಿ ತಣ್ಣಗೆ ಅದಲುಬದಲಾಗುತ್ತದೆ ಅಂತ ಎಲ್ಲ ಕಡೆ ಬರೆಯುತ್ತಾರೆ, ಅದು ಸರಿಯಲ್ಲ. ನೀರು ತಣ್ಣಗಿದೆ ಅಂತ ರೋಗಿಗೆ ಗೊತ್ತಾಗುತ್ತದೆ. ತಣ್ಣಗಿರುವುದೇ ಉರಿಯುತ್ತದೆ. ಸಾವು ಬಹಳ ಅಪರೂಪ, ಆದರೆ ಕಾಟ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ. ಇನ್ನೇನು ವಾಸಿಯಾಯಿತು ಅನ್ನುವಾಗ ಮದ್ಯ ಕುಡಿದರೆ ಅಥವಾ ವಿಷವೇ ಇಲ್ಲದ ಬೇರೆ ಮೀನು ತಿಂದರೂ ಮತ್ತೆ ಮರುಕಳಿಸುವುದುಂಟು. ಮದ್ದಿಲ್ಲ. ಊದಿದ ನರದಿಂದ ನೀರು ಎಳೆಯಲಿ ಅಂತ ಮ್ಯಾನಿಟಾಲ್ ಡ್ರಿಪ್ ಕೊಡುವುದು 1988ರ ನಂತರ ಹೆಸರು ಮಾಡಿತು. 2002ರಲ್ಲಿ ಬಂದ ಪ್ರಯೋಗದಲ್ಲಿ ಅದು ಉಪ್ಪುನೀರಿನ ಡ್ರಿಪ್‌ಗಿಂತ ಮೇಲು ಅಂತ ಕಾಣಲಿಲ್ಲ.

ಚೆನ್ನಾಗಿ ಬೇಯಿಸಿದರೆ? ಹೋಗುವುದಿಲ್ಲ. ಹುರಿದರೆ, ಉಪ್ಪು ಹಾಕಿ ಒಣಗಿಸಿದರೆ, ಹೊಗೆ ಹಾಕಿದರೆ, ಫ್ರೀಜರ್‌ನಲ್ಲಿ ತಿಂಗಳು ಇಟ್ಟರೆ, ನಿಂಬೆರಸದಲ್ಲಿ ನೆನೆಸಿದರೆ? ಯಾವುದಕ್ಕೂ ಜಗ್ಗುವುದಿಲ್ಲ. ಇದು ಸಾಯಲು ಜೀವಾಣು ಅಲ್ಲ, ಗಟ್ಟಿ ಅಣು.

ಹಾಗಾದರೆ ಬರಾಕುಡ ತಿನ್ನಲೇಬಾರದಾ? ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಕ್ಯಾಲಿಫೋರ್ನಿಯಾ ಕಡೆಯ ತಣ್ಣನೆ ನೀರಿನ ಸಣ್ಣ ಪೆಸಿಫಿಕ್ ಬರಾಕುಡವನ್ನು ಜನ ನೆಮ್ಮದಿಯಾಗಿ ತಿನ್ನುತ್ತಾರೆ. ಪಶ್ಚಿಮ ಆಫ್ರಿಕಾದಲ್ಲಿ ಬರಾಕುಡವನ್ನು ಹೊಗೆ ಹಾಕಿ ಸಾರಿಗೆ ಬಳಸುತ್ತಾರೆ. ತಕರಾರು ಇರುವುದು ಹವಳವಿರುವ ಬೆಚ್ಚನೆ ಕಡಲಿನ ದೊಡ್ಡ ಬರಾಕುಡದ್ದು. ಮಯಾಮಿಯಲ್ಲಿ ಅದರ ಮಾರಾಟಕ್ಕೇ ನಿಷೇಧ ಹಾಕಿದ್ದರು. ಚಿಕ್ಕದಾದರೆ ಪರವಾಗಿಲ್ಲ ಅನ್ನುವ ಮಾತಿದೆ. ಅಪಾಯ ಕಡಿಮೆ ಇರಬಹುದು, ಇಲ್ಲ ಅಂತಲ್ಲ. ಒಂದೇ ದ್ವೀಪದ ಒಂದು ಬದಿಯ ಮೀನು ಸರಿ ಇದ್ದು ಇನ್ನೊಂದು ಬದಿಯದ್ದು ವಿಷವಾಗಿರುವುದೂ ಉಂಟು. ತಲೆ, ಪಿತ್ತಜನಕಾಂಗ, ಮೊಟ್ಟೆಯನ್ನಂತೂ ಮುಟ್ಟಲೇಬೇಡಿ. ವಿಷ ಮಾಂಸಕ್ಕಿಂತ ಒಳಗಿನ ಅಂಗಗಳಲ್ಲಿ ಎಷ್ಟೋ ಪಟ್ಟು ಜಾಸ್ತಿ. ನನ್ನನ್ನು ಕೇಳಿದರೆ, ಅಂಥ ಕಡಲಿನ ದೊಡ್ಡ ಬರಾಕುಡಕ್ಕೆ ಉದ್ದ ಇಕ್ಕಳ ಹಾಕಿ ಗಾಳ ಬಿಡಿಸಿ, ಬೆರಳನ್ನು ಬಾಯಿಂದ ದೂರ ಇಟ್ಟುಕೊಂಡು, ವಾಪಸ್ ನೀರಿಗೆ ಬಿಡುವುದೇ ಸರಿ.

ಹಾಂ, ಬೆಕ್ಕು. ಬೆಕ್ಕಿಗೆ ಈ ವಿಷ ನಿಜವಾಗಿಯೂ ತಟ್ಟುತ್ತದೆ. ವಿಜ್ಞಾನಿಗಳೇ ಒಂದು ಕಾಲದಲ್ಲಿ ಬೆಕ್ಕು, ಮುಂಗುಸಿಗಳಿಗೆ ಮೀನು ತಿನ್ನಿಸಿ ಪರೀಕ್ಷೆ ಮಾಡುತ್ತಿದ್ದರು. ಆದರೆ ಅವರು ಮೀನನ್ನು ತೂಕ ಮಾಡಿ ಹಾಕಿ, ಗಂಟೆಗಟ್ಟಲೆ ಕಾಯುತ್ತಿದ್ದರು. ಅಡುಗೆಮನೆಯ ಬೆಕ್ಕು ಒಂದು ಚೂರು ತಿಂದು, ಹೊರಗೆ ಹೋಗಿ ಕಕ್ಕಿ, ಅಲ್ಲೇ ಎಲ್ಲೋ ಮಲಗುತ್ತದೆ. ಇತ್ತ ಬೆಕ್ಕು ತಿಂತು, ಏನೂ ಆಗಲಿಲ್ಲ ಅಂತ ತಟ್ಟೆ ಹಾಕಿಬಿಟ್ಟಿರುತ್ತಾರೆ.