ಕೋಡ್ ಬರೆದವರ ಸಂಬಳ ಖರ್ಚೋ, ಆಸ್ತಿಯೋ?

ಹತ್ತು ಜನ ಪ್ರೋಗ್ರಾಮರ್‌ಗಳಿರುವ ಸಣ್ಣದೊಂದು ಅಮೆರಿಕನ್ ಸಾಫ್ಟ್‌ವೇರ್ ಕಂಪನಿ ಇದೆ ಎಂದುಕೊಳ್ಳೋಣ. ವರ್ಷದ ವರಮಾನ 15 ಲಕ್ಷ ಡಾಲರ್. ಪ್ರೋಗ್ರಾಮರ್‌ಗಳ ಸಂಬಳಕ್ಕೆ 13 ಲಕ್ಷ, ಮಿಕ್ಕ ಖರ್ಚುಗಳಿಗೆ ಒಂದೂವರೆ ಲಕ್ಷ. ಕೊನೆಗೆ ಕೈಯಲ್ಲಿ ಉಳಿಯುವುದು 50,000 ಡಾಲರ್. ಅಲ್ಲಿನ ಫೆಡರಲ್ ಕಾರ್ಪೊರೇಟ್ ತೆರಿಗೆ 21%. 2021ರಲ್ಲಿ ಈ ಕಂಪನಿ ಕಟ್ಟಬೇಕಿದ್ದ ತೆರಿಗೆ 10,500 ಡಾಲರ್. 2022ರಲ್ಲೂ ಅದೇ ವರಮಾನ, ಅದೇ ಸಂಬಳ ಇದ್ದರೂ, ಹೊಸ ನಿಯಮದ ಮೊದಲ ವರ್ಷವಾದ್ದರಿಂದ ತೆರಿಗೆ 2,56,200 ಡಾಲರ್. ಉಳಿದದ್ದೇ 50 ಸಾವಿರ, ಕಟ್ಟಬೇಕಾದದ್ದು ಅದರ ಐದು ಪಟ್ಟಿಗೂ ಹೆಚ್ಚು.

ತೆರಿಗೆಯ ದರ ಕಿಂಚಿತ್ತೂ ಏರಿರಲಿಲ್ಲ. ಸಂಬಳವನ್ನು ಯಾವ ವರ್ಷದ ಲೆಕ್ಕಕ್ಕೆ ಬರೆಯಬೇಕು ಎಂಬ ಒಂದೇ ಒಂದು ನಿಯಮ ಬದಲಾಗಿತ್ತು. ಅಮೆರಿಕದ ತೆರಿಗೆ ಸಂಹಿತೆಯ ಸೆಕ್ಷನ್ 174 ಎಂಬುದು ಆ ನಿಯಮದ ಹೆಸರು. ದರ ಎಷ್ಟು ಎಂಬುದರ ಮೇಲೆ ಊರೆಲ್ಲ ಜಗಳವಾಡುತ್ತದೆ. ಯಾವಾಗ ಎಂಬುದರ ಮೇಲೆ ಯಾರೂ ಆಡುವುದಿಲ್ಲ. ಒಂದು ಕಂಪನಿಯ ಜೀವ ತೆಗೆಯಲು ಆ ‘ಯಾವಾಗ’ ಒಂದೇ ಸಾಕು.

ಲಾಭಕ್ಕೆ ತೆರಿಗೆ ಹಾಕಬೇಕಾದರೆ ಮೊದಲು ಲಾಭ ಎಷ್ಟೆಂದು ಗೊತ್ತಾಗಬೇಕು. ವರಮಾನದಲ್ಲಿ ಖರ್ಚು ಕಳೆದರೆ ಲಾಭ, ಅಷ್ಟು ಸರಿ. ಆದರೆ ಎಲ್ಲ ಖರ್ಚೂ ಒಂದೇ ಬಗೆಯದಲ್ಲ. ಕಚೇರಿಯ ಕರೆಂಟ್ ಬಿಲ್ಲು ಆ ತಿಂಗಳಿಗೇ ಮುಗಿಯುತ್ತದೆ, ಆ ವರ್ಷವೇ ಪೂರ್ತಿ ಕಳೆಯಬಹುದು. ಇದು ಕಂದಾಯ ವೆಚ್ಚ. ಕಟ್ಟಡವೊಂದು ಹಲವು ದಶಕ ನಿಲ್ಲುತ್ತದೆ, ಅದರ ಬೆಲೆಯನ್ನು ಅಷ್ಟು ವರ್ಷಗಳಿಗೆ ಹಂಚಿ, ವರ್ಷಕ್ಕಿಷ್ಟು ಸವಕಳಿ ಎಂದು ಕಳೆಯಬೇಕು. ಇದು ಬಂಡವಾಳ ವೆಚ್ಚ. ಈಗ ಪ್ರೋಗ್ರಾಮರ್ ಸಂಬಳ ಯಾವ ಸಾಲಿಗೆ ಸೇರುತ್ತದೆ? ಹಣವಂತೂ ತಿಂಗಳ ಕೊನೆಗೆ ಕೈಬಿಟ್ಟು ಹೋಗುತ್ತದೆ. ಆದರೆ ಅವರು ಬರೆದ ಕೋಡ್ ಮುಂದಿನ ನಾಲ್ಕಾರು ವರ್ಷ ಆದಾಯ ತರಬಹುದು. ತರದೆಯೂ ಇರಬಹುದು.

1954ರ ತೆರಿಗೆ ಸಂಹಿತೆಯಲ್ಲಿ ಸೆಕ್ಷನ್ 174 ಮೊದಲ ಬಾರಿ ಬಂದಾಗ ಈ ಪ್ರಶ್ನೆಗೆ ಕೊಟ್ಟ ಉತ್ತರ ಉದಾರವಾಗಿತ್ತು: ಸಂಶೋಧನೆಯ ಖರ್ಚನ್ನು ಬೇಕಾದರೆ ಅದೇ ವರ್ಷ ಪೂರ್ತಿ ಕಳೆಯಿರಿ, ಬೇಡವಾದರೆ ಕನಿಷ್ಠ 60 ತಿಂಗಳಿಗೆ ಹಂಚಿ. 1969ರಲ್ಲಿ ತೆರಿಗೆ ಇಲಾಖೆ ಸಾಫ್ಟ್‌ವೇರ್ ಬರೆಯುವ ಖರ್ಚಿಗೂ ಇದೇ ರೀತಿಯನ್ನು ಒಪ್ಪಿಕೊಂಡಿತು. ಸಂಶೋಧನೆಯಲ್ಲಿ ಆಸ್ತಿ ಹುಟ್ಟುತ್ತದೋ ಇಲ್ಲವೋ ಎಂದು ಮೊದಲೇ ಹೇಳಲಾಗದು ಎಂಬ ವಿವೇಕ ಇದರ ಹಿಂದಿತ್ತು. ಅರವತ್ತಕ್ಕೂ ಹೆಚ್ಚು ವರ್ಷ ಇದು ಯಾರ ಗಮನಕ್ಕೂ ಬಾರದಂತೆ ನಡೆದುಕೊಂಡು ಬಂತು.

2017ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಕಾರ್ಪೊರೇಟ್ ತೆರಿಗೆಯನ್ನು 35%ನಿಂದ 21%ಕ್ಕೆ ಇಳಿಸುವ ದೊಡ್ಡ ಕಾಯ್ದೆಯನ್ನು ತಂದಿತು. ಸೆನೆಟ್‌ನಲ್ಲಿ ಸಾಮಾನ್ಯ ಮಸೂದೆಗೆ ಬೇಕಾಗುವ 60 ಮತಗಳ ಬೆಂಬಲ ಇರಲಿಲ್ಲವಾದ್ದರಿಂದ ಸರಳ ಬಹುಮತ ಸಾಕಾಗುವ ಬಜೆಟ್ ದಾರಿಯನ್ನು ಹಿಡಿದರು. ಆ ದಾರಿಗೆ ಒಂದು ಕಟ್ಟುಪಾಡಿತ್ತು: ಕಾಯ್ದೆಯಿಂದ ಹತ್ತು ವರ್ಷದಲ್ಲಿ ಹೆಚ್ಚುವ ಬಜೆಟ್ ಕೊರತೆ 1.5 ಲಕ್ಷ ಕೋಟಿ ಡಾಲರ್ ಮೀರಬಾರದು. ಕಡಿತ ದೊಡ್ಡದಾದಂತೆ ಅದನ್ನು ಸರಿದೂಗಿಸುವ ಆದಾಯವನ್ನು ಕಾಗದದ ಮೇಲಾದರೂ ಹುಡುಕಲೇಬೇಕಾಯಿತು. ಸಿಕ್ಕವುಗಳಲ್ಲಿ ಒಂದು ಸೆಕ್ಷನ್ 174. ಸಂಶೋಧನೆಯ ಖರ್ಚನ್ನು ಹಂಚುವುದು ಕಡ್ಡಾಯ ಮಾಡಿದರೆ ಹತ್ತು ವರ್ಷದಲ್ಲಿ ಸುಮಾರು 12,000 ಕೋಟಿ ಡಾಲರ್ ಬರುತ್ತದೆಂಬ ಅಂದಾಜು ಸಿದ್ಧವಾಯಿತು. ಜಾರಿಯ ದಿನವನ್ನು ನಾಲ್ಕು ವರ್ಷ ಮುಂದಕ್ಕೆ, 2022ಕ್ಕೆ ಇಟ್ಟರು. ಅಷ್ಟರೊಳಗೆ ಮುಂದಿನ ಸಂಸತ್ತು ಇದನ್ನು ತೆಗೆದುಹಾಕುತ್ತದೆ ಎಂದು ಉದ್ಯಮದವರು ನಂಬಿದ್ದರು. ತೆಗೆಯಲಿಲ್ಲ.

ಹೊಸ ನಿಯಮ ಹೀಗಿತ್ತು. ಅಮೆರಿಕದೊಳಗೆ ನಡೆದ ಸಂಶೋಧನೆಯ ಖರ್ಚನ್ನು 5 ವರ್ಷಕ್ಕೆ ಹಂಚಬೇಕು, ಹೊರಗೆ ನಡೆದದ್ದನ್ನು 15 ವರ್ಷಕ್ಕೆ. ಸಾಫ್ಟ್‌ವೇರ್ ಬರೆಯುವ ಕೆಲಸವೆಲ್ಲ ಸಂಶೋಧನೆಯೇ ಎಂದು ಕಾಯ್ದೆಯಲ್ಲೇ ಬರೆದರು, ತಪ್ಪಿಸಿಕೊಳ್ಳಲು ಜಾಗವಿಲ್ಲದಂತೆ. ಖರ್ಚನ್ನು ವರ್ಷದ ನಡುವಿನಲ್ಲಿ ಮಾಡಿದ್ದೆಂದು ಎಣಿಸುವುದರಿಂದ ಮೊದಲ ವರ್ಷ ಸಿಗುವುದು ಅರ್ಧ ವರ್ಷದ ಪಾಲು ಮಾತ್ರ. ಅಂದರೆ 5 ವರ್ಷದ ಲೆಕ್ಕದಲ್ಲಿ ಮೊದಲ ವರ್ಷ 20% ಅಲ್ಲ, 10%. ಆಮೇಲಿನ ನಾಲ್ಕು ವರ್ಷ ತಲಾ 20%, ಆರನೆಯ ವರ್ಷ ಉಳಿದ 10%.

ಮೇಲಿನ ಕಂಪನಿಗೆ ಇದನ್ನು ಹೊಂದಿಸಿ ನೋಡಿ. 13 ಲಕ್ಷ ಸಂಬಳದಲ್ಲಿ ಮೊದಲ ವರ್ಷ ಕಳೆಯಲು ಸಿಗುವುದು 1.3 ಲಕ್ಷ. ತೆರಿಗೆ ಇಲಾಖೆಯ ಕಣ್ಣಿಗೆ ಕಂಪನಿಯ ಲಾಭ 50 ಸಾವಿರವಲ್ಲ, 12.2 ಲಕ್ಷ ಡಾಲರ್. ಅದರ 21% ಎಂದರೆ 2,56,200. ಕಂಪನಿ ಬೆಳೆಯದೆ, ಕುಗ್ಗದೆ ಹಾಗೇ ನಡೆದರೆ ಎರಡನೆಯ ವರ್ಷ ಸಂಬಳದ 30% ಕಳೆಯಲು ಸಿಗುತ್ತದೆ, ಮೂರನೆಯ ವರ್ಷ 50%, ಆಮೇಲೆ 70%, 90%. ಆರನೆಯ ವರ್ಷಕ್ಕೆ 100% ಆಗಿ ತೆರಿಗೆ ಮತ್ತೆ 10,500ಕ್ಕೆ ಬಂದು ನಿಲ್ಲುತ್ತದೆ.

ನಿಯಮದ ಪರವಾಗಿದ್ದವರು ಹೇಳುತ್ತಿದ್ದದ್ದು ಇದನ್ನೇ: ಹಣ ಎಲ್ಲೂ ಹೋಗುವುದಿಲ್ಲ, ತಡವಾಗಿ ಸಿಗುತ್ತದೆ ಅಷ್ಟೆ. ಲೆಕ್ಕವನ್ನು ಕೊನೆಯವರೆಗೆ ಮಾಡಿದರೆ ಈ ಮಾತಿನ ಅರೆಕೊರೆ ಕಾಣುತ್ತದೆ. ಮೊದಲ ಐದು ವರ್ಷ ಈ ಕಂಪನಿ ಹೆಚ್ಚಾಗಿ ಕಟ್ಟುವ ಒಟ್ಟು ತೆರಿಗೆ 6,82,500 ಡಾಲರ್. ಆರನೆಯ ವರ್ಷದಿಂದ ತೆರಿಗೆ ಸರಿಹೋದರೂ ಈ ಮೊತ್ತ ವಾಪಸ್ ಬರುವುದಿಲ್ಲ. ಪ್ರತಿ ವರ್ಷ ಹಳೆಯ ಸಂಬಳದ ಪಾಲು ಬಿಡುಗಡೆಯಾದಷ್ಟೇ ಹೊಸ ಸಂಬಳದ ಪಾಲು ಸಿಕ್ಕಿಕೊಳ್ಳುತ್ತದೆ. ಕಂಪನಿ ಕೋಡ್ ಬರೆಯುವುದನ್ನು ನಿಲ್ಲಿಸಿದ ಮೇಲೆಯೇ ಅದು ಕರಗಬೇಕು. ಬಡ್ಡಿಯಿಲ್ಲದೆ ಸರ್ಕಾರಕ್ಕೆ ಕೊಟ್ಟ ಸಾಲ ಇದು. ಎಷ್ಟು ಹಣ ಹೀಗೆ ಸಿಕ್ಕಿಬೀಳುತ್ತದೆ ಎಂದು ಅಂದಾಜಿಸಲು ಸುಲಭದ ಸೂತ್ರವಿದೆ: ಹಂಚುವ ವರ್ಷಗಳ ಅರ್ಧದಷ್ಟು ವರ್ಷಗಳ ಸಂಬಳ ಗುಣಿಸು ತೆರಿಗೆ ದರ. 5 ವರ್ಷಕ್ಕೆ ಎರಡೂವರೆ ವರ್ಷದ ಸಂಬಳ, 15 ವರ್ಷಕ್ಕೆ ಏಳೂವರೆ ವರ್ಷದ್ದು. ಇದೇ ಹತ್ತು ಜನ ಅಮೆರಿಕದ ಹೊರಗೆ ಕೂತು ಅದೇ ಸಂಬಳಕ್ಕೆ ಕೆಲಸ ಮಾಡಿದರೆ ಸಿಕ್ಕಿಬೀಳುವ ಮೊತ್ತ 20,47,500 ಡಾಲರ್. ಅದು ಕಂಪನಿಯ ಇಡೀ ವರ್ಷದ ವರಮಾನಕ್ಕಿಂತ ಹೆಚ್ಚು.

ಬೆಳೆಯುವ ಕಂಪನಿಯ ಪಾಡು ಇನ್ನೂ ಬಿಗಿ. ಸಂಬಳದ ಬಿಲ್ಲು ವರ್ಷಕ್ಕೆ 50% ಏರುತ್ತಿದ್ದರೆ, ಐದು ವರ್ಷ ಕಳೆದು ಚಕ್ರ ಪೂರ್ತಿ ತಿರುಗಿದ ಮೇಲೂ ಆ ವರ್ಷದ ಸಂಬಳದ ಸುಮಾರು 43% ಮಾತ್ರ ಕಳೆಯಲು ಸಿಗುತ್ತದೆ. ಹಿಂದಿನ ವರ್ಷಗಳ ಸಂಬಳ ಸಣ್ಣದಿತ್ತಲ್ಲ, ಅದರ ಪಾಲೂ ಸಣ್ಣದೇ. ಬೇಗ ಬೆಳೆದಷ್ಟೂ ಹೊರೆ ಜಾಸ್ತಿ.

ದೊಡ್ಡ ಕಂಪನಿಗಳಿಗೂ ಇದು ನೋವೇ, ಆದರೆ ಅವುಗಳ ಬಳಿ ನಗದು ರಾಶಿ ಇರುತ್ತದೆ. ಹೊಸದಾಗಿ ಶುರುವಾಗಿ ಭಾರೀ ನಷ್ಟದಲ್ಲಿರುವ ಕಂಪನಿಗೂ ಒಮ್ಮೊಮ್ಮೆ ತಟ್ಟದು, ಸಂಬಳದ ಬಹುಪಾಲನ್ನು ಲೆಕ್ಕದಿಂದ ತೆಗೆದ ಮೇಲೂ ಲಾಭ ಕಾಣದಷ್ಟು ವರಮಾನ ಕಡಿಮೆಯಿದ್ದರೆ. ನಿಜವಾಗಿ ನಲುಗಿದವರು ನಡುವಿನವರು: ಹೂಡಿಕೆದಾರರ ಹಣ ತೆಗೆದುಕೊಳ್ಳದೆ, ಗ್ರಾಹಕರು ಕೊಟ್ಟ ಹಣದಲ್ಲೇ ಸಂಬಳ ಕೊಟ್ಟು, ಚೂರುಪಾರು ಉಳಿಸಿಕೊಂಡು ನಡೆಯುವ ಸಂಸ್ಥೆಗಳು. ಅವುಗಳಲ್ಲಿ ಅನೇಕ ಪಾಲುದಾರಿಕೆಯಂಥ ರೂಪದವು, ಲಾಭ ನೇರ ಮಾಲೀಕರ ವೈಯಕ್ತಿಕ ಆದಾಯಕ್ಕೆ ಸೇರುತ್ತದೆ. ಅಲ್ಲಿ ಗರಿಷ್ಠ ದರ 21% ಅಲ್ಲ, 37%. ಕೈಗೆ ಬಾರದ ಲಾಭದ ಮೇಲೆ ತೆರಿಗೆ ಕಟ್ಟಲು ಮನೆಯ ಮೇಲೆ ಸಾಲ ಮಾಡುವ ಪ್ರಸಂಗ ಬರುವುದು ಇಂಥಲ್ಲೇ.

‘ಕೋಡ್ ಆಸ್ತಿಯೇ ಅಲ್ಲವೇ?’ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಎಸ್ 38 ಕೂಡ ಅಭಿವೃದ್ಧಿಯ ಹಂತದ ಖರ್ಚನ್ನು ಕೆಲವು ಷರತ್ತಿನ ಮೇಲೆ ಆಸ್ತಿ ಎಂದು ತೋರಿಸಲು ಹೇಳುತ್ತದೆ. ಆದರೆ ಅಲ್ಲಿ ಸಂಶೋಧನೆಯ ಹಂತ ಬೇರೆ, ಅಭಿವೃದ್ಧಿಯ ಹಂತ ಬೇರೆ. ಯೋಜನೆ ತಾಂತ್ರಿಕವಾಗಿ ಮುಗಿಯುತ್ತದೆ, ಮುಂದೆ ಆದಾಯ ತರುತ್ತದೆ ಎಂದು ತೋರಿಸಿದ ಮೇಲೆಯೇ ಆಸ್ತಿ. ಬಿದ್ದುಹೋದ ಯೋಜನೆಯನ್ನು ಪುಸ್ತಕದಿಂದ ತೆಗೆಯಬಹುದು. ಸೆಕ್ಷನ್ 174 ಇವೆರಡನ್ನೂ ಒಪ್ಪಲಿಲ್ಲ. ಯಶಸ್ಸು, ಸೋಲು ಏನೇ ಆಗಲಿ ಹಂಚಲೇಬೇಕು. ಯೋಜನೆಯನ್ನು ಅರ್ಧಕ್ಕೆ ಕೈಬಿಟ್ಟರೂ ಉಳಿದ ಮೊತ್ತವನ್ನು ಆ ವರ್ಷ ಕಳೆಯುವಂತಿಲ್ಲ, ಪಾಲು ಪಾಲಾಗಿಯೇ ಕಾಯಬೇಕು ಎಂದು ಅದರ ಉಪವಿಧಿಯೊಂದು ಸ್ಪಷ್ಟವಾಗಿ ಹೇಳುತ್ತದೆ. ಕಾಯ್ದೆಯ ಅತಿ ಕಠಿಣ ಸಾಲು ಇದೇ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ವಿಷಮ ನೋಡಿ. ಅದೇ 2022ರಲ್ಲಿ ಸರ್ವರ್ ಯಂತ್ರವನ್ನು ಕೊಂಡರೆ ಅದರ ಬೆಲೆಯನ್ನು ಆ ವರ್ಷವೇ 100% ಕಳೆಯಬಹುದಿತ್ತು. ಅಂಗಡಿಯಲ್ಲಿ ಸಿಗುವ ಸಿದ್ಧ ಸಾಫ್ಟ್‌ವೇರ್ ಕೊಂಡರೂ ಅಷ್ಟೇ. ಅದೇ ಸಾಫ್ಟ್‌ವೇರನ್ನು ನಿಮ್ಮ ನೌಕರರು ಕೂತು ಬರೆದರೆ 10%.

ನಿಯಮ ಜಾರಿಗೆ ಬಂದ ಮೇಲೆ ಆಡಿಟರ್‌ಗಳ ಮೇಜಿಗೆ ಬಂದ ಕೆಲಸವೂ ಸಣ್ಣದಲ್ಲ. ಯಾವ ಗಂಟೆ ‘ಅಭಿವೃದ್ಧಿ’, ಯಾವ ಗಂಟೆ ‘ನಿರ್ವಹಣೆ’ ಎಂದು ಬಿಡಿಸಬೇಕಿತ್ತು. 2023ರ ಸೆಪ್ಟೆಂಬರಿನಲ್ಲಿ ತೆರಿಗೆ ಇಲಾಖೆ ಕೊಟ್ಟ ಸೂಚನೆಯ ಪ್ರಕಾರ ಯೋಜನೆ, ವಿನ್ಯಾಸ, ಕೋಡ್, ಬಿಡುಗಡೆಗೆ ಮುಂಚಿನ ಪರೀಕ್ಷೆ ಎಲ್ಲವೂ ಹಂಚಬೇಕಾದವು. ಬಿಡುಗಡೆಯ ನಂತರ ದೋಷ ಸರಿಪಡಿಸುವುದು, ಬಳಕೆದಾರರಿಗೆ ತರಬೇತಿ ಕೊಡುವುದು ಹಂಚಬೇಕಾಗಿಲ್ಲ. ಆದರೆ ಹೊಸ ಸೌಲಭ್ಯ ಸೇರಿಸಿದರೆ, ವೇಗವನ್ನು ಗಣನೀಯವಾಗಿ ಹೆಚ್ಚಿಸಿದರೆ ಅದು ‘ಮೇಲ್ದರ್ಜೆ’, ಹಂಚಬೇಕು. ಒಂದೇ ಮಧ್ಯಾಹ್ನದಲ್ಲಿ ದೋಷ ಸರಿಪಡಿಸುತ್ತಲೇ ನಿಧಾನದ ಕೋಡನ್ನು ಚುರುಕುಗೊಳಿಸುವ ಎಂಜಿನಿಯರನ ಸಮಯವನ್ನು ಹೇಗೆ ಸೀಳುವುದು? ಕೆಲಸದ ಟಿಕೆಟ್‌ಗಳಿಗೆ ಮೊದಲಿನಿಂದಲೇ ಗುರುತು ಹಾಕಿಟ್ಟವರು ಬಚಾವಾದರು. ವರ್ಷದ ಕೊನೆಗೆ ನೆನಪಿನಿಂದ ಅಂದಾಜು ಬರೆದವರ ಲೆಕ್ಕ ತಪಾಸಣೆಯಲ್ಲಿ ನಿಲ್ಲುವುದು ಕಷ್ಟ. ಸಂಬಳ ಮಾತ್ರವಲ್ಲ, ಷೇರಿನ ರೂಪದ ಭತ್ಯೆ, ಪ್ರೋಗ್ರಾಮರ್ ಕೂರುವ ಜಾಗದ ಬಾಡಿಗೆ, ಕೆಲಸದ ಪ್ರಯಾಣದ ಖರ್ಚು ಕೂಡ ಈ ಬುಟ್ಟಿಗೇ.

ಇದನ್ನು ಸರಿಪಡಿಸಲು ಎರಡೂ ಪಕ್ಷದವರು ಒಪ್ಪಿದ್ದರು, ಆದರೂ ಆಗಲಿಲ್ಲ. 2024ರ ಜನವರಿ 31ರಂದು ಕೆಳಮನೆ 357–70 ಮತಗಳಿಂದ ತಿದ್ದುಪಡಿಯನ್ನು ಅಂಗೀಕರಿಸಿತು. ಆಗಸ್ಟ್ 1ರಂದು ಸೆನೆಟ್‌ನಲ್ಲಿ ಅದಕ್ಕೆ ಬೇಕಿದ್ದ 60 ಮತ ಸಿಗದೆ, 48–44ಕ್ಕೆ ನಿಂತುಹೋಯಿತು. ಈ ನಡುವೆ ಅಮೆರಿಕದ ಐಟಿ ವಲಯದ ನೌಕರಿ ಕಡಿತಕ್ಕೆಲ್ಲ ಸೆಕ್ಷನ್ 174 ಕಾರಣ ಎಂಬ ಮಾತು ಹಬ್ಬಿತು. ಅದು ಅತಿಯಾಯಿತು. 2022ರ ಮಾರ್ಚ್‌ನಲ್ಲಿ ಸೊನ್ನೆಯ ಹತ್ತಿರವಿದ್ದ ಅಮೆರಿಕದ ಬಡ್ಡಿದರ 2023ರ ಜುಲೈಗೆ 5.25–5.50% ಮುಟ್ಟಿತ್ತು, ದುಡ್ಡೇ ದುಬಾರಿಯಾಗಿತ್ತು. ಎರಡೂ ಒಟ್ಟಿಗೆ ಬಂದದ್ದರಿಂದ ಒಂದು ಇನ್ನೊಂದರ ಪೆಟ್ಟನ್ನು ಬಲಪಡಿಸಿತು ಎನ್ನುವುದು ಹೆಚ್ಚು ಸರಿ. ಸಾಲ ಅಗ್ಗವಿದ್ದಾಗ ತೆರಿಗೆಗೆಂದು ಸಾಲ ಮಾಡಿ ನಿಭಾಯಿಸಬಹುದು, ದುಬಾರಿಯಾದಾಗ ಆಗದು. ಚೀನಾ ಅದೇ 2023ರಿಂದ ಬಹುಪಾಲು ಉದ್ಯಮಗಳಿಗೆ ಸಂಶೋಧನೆಯ ಪ್ರತಿ 100 ಯುವಾನ್ ಖರ್ಚಿಗೆ 200 ಯುವಾನ್ ಕಳೆಯಲು ಬಿಟ್ಟಿತು ಎಂಬುದನ್ನು ಪಕ್ಕಕ್ಕಿಟ್ಟು ನೋಡಿದರೆ ಅಮೆರಿಕದ ನಡೆ ಎಷ್ಟು ಉಲ್ಟಾ ಎಂಬುದು ತಿಳಿಯುತ್ತದೆ.

2025ರ ಜುಲೈ 4ರಂದು ಸಹಿಯಾದ ಕಾಯ್ದೆ ಸೆಕ್ಷನ್ 174ಎ ಎಂಬ ಹೊಸ ವಿಧಿಯನ್ನು ಸೇರಿಸಿ, ಅಮೆರಿಕದೊಳಗಿನ ಸಂಶೋಧನೆಯ ಖರ್ಚನ್ನು 2025ರಿಂದ ಅದೇ ವರ್ಷ ಕಳೆಯುವ ಹಕ್ಕನ್ನು ಮರಳಿಸಿತು. 2022ರಿಂದ 2024ರವರೆಗೆ ಸಿಕ್ಕಿಬಿದ್ದ ದೇಶೀಯ ಮೊತ್ತವನ್ನು 2025ರಲ್ಲಿ ಒಂದೇ ಸಲ, ಇಲ್ಲವೇ 2025 ಮತ್ತು 2026ರಲ್ಲಿ ಅರ್ಧರ್ಧ ಕಳೆಯಬಹುದು. ಸರಾಸರಿ ವರಮಾನ 3.1 ಕೋಟಿ ಡಾಲರ್ ಮೀರದ ಸಣ್ಣ ಸಂಸ್ಥೆಗಳಿಗೆ ಹಳೆಯ ರಿಟರ್ನ್‌ಗಳನ್ನೇ ತಿದ್ದಿ ಕಟ್ಟಿದ ತೆರಿಗೆಯನ್ನು ವಾಪಸ್ ಕೇಳುವ ಅವಕಾಶವೂ ಸಿಕ್ಕಿತು. ಮೂರು ವರ್ಷ ತಾಳಿಕೊಂಡು ಬದುಕಿದ ಸಂಸ್ಥೆಗಳಿಗೆ ಇದು ನಿಜವಾದ ನೆಮ್ಮದಿ. ಆ ಮೂರು ವರ್ಷದಲ್ಲಿ ಬಾಗಿಲು ಹಾಕಿದವಕ್ಕೆ ಇದರಿಂದ ಬಂದ ಪ್ರಯೋಜನ ಕಡಿಮೆ.

ಹೊರದೇಶದ 15 ವರ್ಷ ಮಾತ್ರ ಹಾಗೇ ಉಳಿದಿದೆ. ಇಲ್ಲಿ ಎಣಿಕೆಗೆ ಬರುವುದು ಪ್ರೋಗ್ರಾಮರನ ಪೌರತ್ವವಲ್ಲ, ಕೂತು ಕೆಲಸ ಮಾಡಿದ ಜಾಗ. ಅಮೆರಿಕದ ಕಂಪನಿಯೊಂದು ಬೆಂಗಳೂರಿನ ತನ್ನ ಅಂಗಸಂಸ್ಥೆಯಲ್ಲಿ ಸಾಫ್ಟ್‌ವೇರ್ ಬರೆಸಿ, ಅದರ ಹಕ್ಕನ್ನೂ ನಷ್ಟದ ಹೊಣೆಯನ್ನೂ ತಾನೇ ಇಟ್ಟುಕೊಂಡರೆ, ಅಂಗಸಂಸ್ಥೆಗೆ ಆ ಕೆಲಸಕ್ಕೆಂದು ಕೊಟ್ಟ ಹಣ ಹೊರದೇಶದ ಸಂಶೋಧನೆಯ ಲೆಕ್ಕಕ್ಕೆ ಬೀಳುತ್ತದೆ. ಮೊದಲ ವರ್ಷ ಕಳೆಯಲು ಸಿಗುವುದು ನೂರಕ್ಕೆ ಮೂರು ಚಿಲ್ಲರೆ ಡಾಲರ್. ಅಲ್ಲಿಗೂ ಇಲ್ಲಿಗೂ ಸಂಬಳದ ಅಂತರ ದೊಡ್ಡದಿರುವುದರಿಂದ ಕೆಲಸ ರಾತ್ರೋರಾತ್ರಿ ಅಮೆರಿಕಕ್ಕೆ ಮರಳುವುದಿಲ್ಲ. ಆದರೆ ನಗದು ಬಿಗಿಯಿರುವ ಸಣ್ಣ ಕಂಪನಿ ಹೊರಗೆ ತಂಡ ಕಟ್ಟುವ ಮುನ್ನ ಈ ಲೆಕ್ಕವನ್ನು ಹಾಕದೆ ಇರಲಾರದು. ಅಂಥ ಕಂಪನಿ 2026ರಲ್ಲಿ ಹೊರದೇಶದಲ್ಲಿ ಒಂದು ಆ್ಯಪ್ ಶುರುಮಾಡಿ, ಅದೇ ವರ್ಷ ಕೈಬಿಟ್ಟು, ಕೋಡನ್ನು ಅಳಿಸಿಹಾಕಿದೆ ಎನ್ನಿ. ಬರೆದವರು ಬೇರೆ ಕೆಲಸ ಹಿಡಿದು ಹೋಗಿರುತ್ತಾರೆ. ಅವರ ಆ ವರ್ಷದ ಸಂಬಳದ ಕೊನೆಯ ಪಾಲು ಕಂಪನಿಯ ತೆರಿಗೆ ಲೆಕ್ಕದಿಂದ ಕಳೆದುಹೋಗುವುದು 2041ರಲ್ಲಿ.